ಸತ್ತವರಿಗೆ ಟಿಕೆಟ್

2024ರ ಮೇ ತಿಂಗಳು. ಪುತ್ತೂರು ಕಡೆಯ ಒಂದು ಕುಟುಂಬ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿತ್ತು. ವರ ಬೇಕಾಗಿದ್ದಾನೆ. ಅದರಲ್ಲೇನು ವಿಶೇಷ ಅಂತೀರಾ? ವಧು ತೀರಿಕೊಂಡು ಮೂವತ್ತು ವರ್ಷವಾಗಿತ್ತು. ವರನೂ ಅಷ್ಟೇ ವರ್ಷಗಳ ಹಿಂದೆ ತೀರಿಕೊಂಡವನಾಗಿರಬೇಕು ಅನ್ನೋದು ಆ ಮನೆಯವರ ಅಪೇಕ್ಷೆ.

ಜಾಹೀರಾತಿನ ಫೋಟೊ ನಮ್ಮ ಸುದ್ದಿಮನೆಯ ವಾಟ್ಸಾಪ್ ಗ್ರೂಪಿಗೆ ಬಂದಾಗ ಬೆಂಗಳೂರು ಡೆಸ್ಕಿನ ಹುಡುಗರು ನಕ್ಕರು. ಸುಳ್ಯ ಕಡೆಯ ಹುಡುಗನೊಬ್ಬ ಮಾತ್ರ ನಗಲಿಲ್ಲ. "ಸರ್, ಅದು ನಮ್ಮ ಕಡೆ ಉಂಟು. ತಮಾಷೆ ಅಲ್ಲ" ಅಂದ. ಆದರೆ ಅಷ್ಟರಲ್ಲಿ ಸುದ್ದಿ ಊರು ದಾಟಿ, ರಾಜ್ಯ ದಾಟಿ ಹೋಗಿತ್ತು. 'ಹೀಗೂ ಉಂಟೇ' ಎಂಬ ಖಾತೆಗೆ ಜಮೆಯಾಗಿತ್ತು.

ಪುತ್ತೂರು, ಸುಳ್ಯ, ಕಡಬದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗಾಗಿ ಎರಡು ಮಾತು. ತುಳುನಾಡಿನಲ್ಲಿ ಸತ್ತವರು ಮನೆ ಬಿಟ್ಟು ಹೋಗುವುದಿಲ್ಲ. ಅವರನ್ನು ಕುಲೆ ಅನ್ನುತ್ತಾರೆ. ಆಟಿ ತಿಂಗಳಲ್ಲಿ, ಅಂದರೆ ಹೊರಗೆ ಜಡಿಮಳೆ ಸುರಿಯುವ ಆಷಾಢದ ಹೊತ್ತಿನಲ್ಲಿ, ಅವರಿಗಾಗಿ ಬಾಳೆಲೆ ಹಾಕಿ ಬಡಿಸುತ್ತಾರೆ. ಅವರಿಗೆ ಏನು ಇಷ್ಟವಿತ್ತೋ ಅದು. ಕೋಳಿ ಪದಾರ್ಥ ಇಷ್ಟವಿದ್ದವರಿಗೆ ಕೋಳಿ ಪದಾರ್ಥ. ಮದುವೆಯಾಗದೆ ಸತ್ತ ಮಗಳಿದ್ದರೆ, ಅವಳ ಆಸೆ ಉಳಿದುಹೋಗಿದೆ ಎಂದು ಹಿರಿಯರು ಹೇಳಿದರೆ, ಆಗ ಕುಲೆ ಮದಿಮೆ, ಪ್ರೇತ ಮದುವೆ. ವಧುವಿನ ಜಾಗದಲ್ಲಿ ಸೀರೆ, ವರನ ಜಾಗದಲ್ಲಿ ಪಂಚೆ. ಎರಡೂ ಕಡೆ ನೆಂಟರು, ಶಾಸ್ತ್ರ, ಊಟ. ನಂಬುವುದು ಬಿಡುವುದು ನಿಮಗೆ ಸೇರಿದ್ದು. ಆದರೆ ಒಂದಂತೂ ಒಪ್ಪಲೇಬೇಕು. ಮೂವತ್ತು ವರ್ಷವಾದರೂ ಆ ಮನೆಯವರು ಮಗಳನ್ನು ಲೆಕ್ಕದಿಂದ ತೆಗೆದಿರಲಿಲ್ಲ.

ಆ ವಾರ ದೇಶವೆಲ್ಲ ನಗುತ್ತಿದ್ದಾಗ ನನಗೆ ನೆನಪಾದದ್ದು ಅಮೆರಿಕ. ಇನ್ನೂರು ವರ್ಷಗಳ ಹಿಂದಿನ ಅಮೆರಿಕ. ವಿಚಿತ್ರ ಅಂದರೆ ಏನು ಅಂತ ಅಲ್ಲಿಗೆ ಹೋಗಿ ನೋಡೋಣ ಬನ್ನಿ.

1823ರ ಏಪ್ರಿಲ್. ಬಾಸ್ಟನ್ ಬಂದರಿಗೆ ಒಂದು ಹಡಗು ಬಂತು. ಅದರಲ್ಲಿ ಒಂದು ಶವಪೆಟ್ಟಿಗೆ, ಪೆಟ್ಟಿಗೆಯಲ್ಲಿ ಈಜಿಪ್ಟಿನ ಒಂದು ಮಮ್ಮಿ. ಕಳಿಸಿದವನು ಯಾಕೊಬ್ ವಾನ್ ಲೆನ್ನೆಪ್ ಎಂಬ ಡಚ್ ವ್ಯಾಪಾರಿ. ಬಾಸ್ಟನ್ ನಗರಕ್ಕೆ ಉಡುಗೊರೆಯಂತೆ! ಪಟ್ಟಣಕ್ಕೆ ಹೆಣವನ್ನು ಉಡುಗೊರೆ ಕೊಡೋದು, ಪಟ್ಟಣ ಅದನ್ನು ಖುಷಿಯಿಂದ ತಗೊಳ್ಳೋದು, ಎರಡೂ ಆ ಕಾಲಕ್ಕೆ ದೊಡ್ಡಸ್ತಿಕೆಯ ವಿಷಯವೇ. ಅದು ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಪಾಲಿಗೆ ಬಂತು. ಆಸ್ಪತ್ರೆ ಬಾಗಿಲು ತೆರೆದು ಇನ್ನೂ ಎರಡು ವರ್ಷ. ದುಡ್ಡು ಬೇಕಿತ್ತು. ಏನು ಮಾಡಿದರು? ಮಮ್ಮಿಯನ್ನು ಪ್ರದರ್ಶನಕ್ಕಿಟ್ಟರು. ಒಬ್ಬರಿಗೆ 25 ಸೆಂಟ್ ಟಿಕೆಟ್. ಜನ ಮುಗಿಬಿದ್ದರು. ಬಾಸ್ಟನ್ ಸಾಲದೆಂದು ಬೇರೆ ಊರುಗಳಿಗೂ ಮೆರವಣಿಗೆ ಹೊರಡಿಸಿದರು. ಬದುಕಿರುವ ರೋಗಿಗಳ ಖರ್ಚಿಗೆ ಸತ್ತವನೊಬ್ಬ ದುಡಿದ.

ಯಾರು ಅವನು? ಹೆಸರು ಪದಿಹೆರ್ಶೆಫ್. ಸುಮಾರು 2,600 ವರ್ಷಗಳ ಹಿಂದೆ ಥೀಬ್ಸ್ ನಗರದಲ್ಲಿದ್ದ ಕಲ್ಲುಕುಟಿಗ. ಸ್ಮಶಾನದಲ್ಲಿ ಕಲ್ಲು ಕಡಿಯುವ ಕೆಲಸ. ಬೇರೆಯವರ ಸಮಾಧಿಗೆ ಬೆವರು ಸುರಿಸಿದವನಿಗೆ ತನ್ನ ಸಮಾಧಿ ದಕ್ಕಲಿಲ್ಲ.

ಅವನ ಹೆಸರು ಪೆಟ್ಟಿಗೆಯ ಮೇಲೇ ಬರೆದಿತ್ತು. ಹೆಸರು ಉಳಿದರೆ, ಯಾರಾದರೂ ಅದನ್ನು ಉಚ್ಚರಿಸುತ್ತಿದ್ದರೆ, ಸತ್ತವನೂ ಬದುಕಿರುತ್ತಾನೆ ಎಂಬುದು ಹಳೆಯ ಈಜಿಪ್ಟಿನವರ ನಂಬಿಕೆ. ಅದಕ್ಕೇ ಅಷ್ಟು ಕಾಳಜಿಯಿಂದ ಬರೆಯುತ್ತಿದ್ದರು. ಆದರೆ ಆ ಲಿಪಿಯ ಗುಟ್ಟನ್ನು ಫ್ರಾನ್ಸಿನ ಶಾಂಪೋಲಿಯನ್ ಬಿಡಿಸಿದ್ದೇ 1822ರಲ್ಲಿ, ಅಂದರೆ ಹಿಂದಿನ ವರ್ಷ. ಸಾಲಿನಲ್ಲಿ ನಿಂತ ಬಾಸ್ಟನ್ ಜನ ಆ ಅಕ್ಷರಗಳನ್ನು ನೋಡಿದರು, ಚಿತ್ರ ಚೆನ್ನಾಗಿದೆ ಅಂದುಕೊಂಡರು, ಮುಂದೆ ಹೋದರು.

ಒಂದು ಕಡೆ ದುಡ್ಡು ಹುಟ್ಟಿತು ಅಂದಮೇಲೆ ವ್ಯಾಪಾರಿಗಳು ಸುಮ್ಮನಿರುತ್ತಾರಾ? 1833ರ ಹೊತ್ತಿಗೆ ಮೈಕೆಲ್ ಚಾಂಡ್ಲರ್ ಎಂಬಾತನ ಕೈಗೆ ಹನ್ನೊಂದು ಮಮ್ಮಿಗಳು ಬಂದವು. ನಮ್ಮಲ್ಲಿ ಹಿಂದೆ ಟೂರಿಂಗ್ ಟಾಕೀಸ್ ಊರೂರು ಸುತ್ತುತ್ತಿರಲಿಲ್ಲವೇ, ಹಾಗೆ ಆತ ಅವನ್ನು ಸುತ್ತಿಸಿದ. ದಾರಿಯಲ್ಲಿ ಒಂದೊಂದಾಗಿ ಮಾರಿದ. 1835ರ ಜುಲೈನಲ್ಲಿ ಓಹಿಯೋ ರಾಜ್ಯದ ಕರ್ಟ್ಲೆಂಡಿಗೆ ಬಂದಾಗ ಉಳಿದದ್ದು ನಾಲ್ಕು ಮಮ್ಮಿ, ಒಂದಷ್ಟು ಪಪೈರಸ್ ಸುರುಳಿ. ಕೊಂಡವರು ಮೊರ್ಮನ್ ಪಂಥದ ಸ್ಥಾಪಕ ಜೋಸೆಫ್ ಸ್ಮಿತ್ ಮತ್ತು ಅವರ ಅನುಯಾಯಿಗಳು. ಬೆಲೆ 2,400 ಡಾಲರ್. ಆ ಸುರುಳಿಗಳಿಂದಲೇ ಸ್ಮಿತ್ ಮೊರ್ಮನ್ನರಿಗೆ ಪವಿತ್ರವಾದ 'ಬುಕ್ ಆಫ್ ಅಬ್ರಹಾಂ' ಕೊಟ್ಟರು. ಮುಂದೆ ನಾವೂ ಎಂಬ ಊರಿನಲ್ಲಿ ಅವರ ವೃದ್ಧ ತಾಯಿ ಆ ಮಮ್ಮಿಗಳನ್ನು ಬಂದವರಿಗೆ ತೋರಿಸುತ್ತಿದ್ದರು. ಅಲ್ಲೂ 25 ಸೆಂಟ್. ಆ ತಾಯಿ ತೀರಿಕೊಂಡ ಮೇಲೆ ಮಮ್ಮಿಗಳು ಮತ್ತೆ ಮಾರಾಟವಾದವು. ಕೆಲವು ಷಿಕಾಗೋದ ಮ್ಯೂಸಿಯಂ ಸೇರಿ, 1871ರ ಮಹಾ ಬೆಂಕಿಯಲ್ಲಿ ಸುಟ್ಟುಹೋದವು ಎಂದು ನಂಬಲಾಗಿದೆ. ದೇಹ ಕೆಡಬಾರದು ಅಂತ ಅಷ್ಟು ಪಾಡು ಪಟ್ಟವರಿಗೆ ಕೊನೆಗೆ ಸಿಕ್ಕಿದ್ದು ಪರದೇಶದ ಬೆಂಕಿ.

ಇನ್ನೊಬ್ಬನ ಕಥೆ ಕೇಳಿ. ಜಾರ್ಜ್ ಗ್ಲಿಡನ್. ಈಜಿಪ್ಟಿನಲ್ಲಿ ಅಮೆರಿಕದ ಉಪ ಕಾನ್ಸುಲ್ ಆಗಿದ್ದವನು. ವಾಪಸ್ ಬಂದು ಭಾಷಣಕಾರನಾದ. 1850ರ ಜೂನ್‌ನಲ್ಲಿ ಬಾಸ್ಟನ್ನಿನ ಟ್ರೆಮಾಂಟ್ ಟೆಂಪಲ್ ಸಭಾಂಗಣದಲ್ಲಿ ಭಾರೀ ಕಾರ್ಯಕ್ರಮ. ವೇದಿಕೆಯ ಮೇಲೆ, ಎಲ್ಲರ ಕಣ್ಣೆದುರು, ಮಮ್ಮಿಗೆ ಸುತ್ತಿದ ಬಟ್ಟೆ ಬಿಚ್ಚುವುದು! ಇವಳು ಥೀಬ್ಸ್‌ನ ಮಹಾ ಅರ್ಚಕನ ಮಗಳು ಎಂದು ಗ್ಲಿಡನ್ ಸಾರಿದ್ದ. ಸಭಾಂಗಣದಲ್ಲಿ ಊರಿನ ಗಣ್ಯರು, ವೈದ್ಯರು, ಪ್ರೊಫೆಸರ್‌ಗಳು. ಸುತ್ತು ಸುತ್ತಾಗಿ ಬಟ್ಟೆ ಬಿಚ್ಚುತ್ತಾ ಹೋದರು. ಕೊನೆಯ ಸುತ್ತು ಬಿಚ್ಚಿದಾಗ ಗೊತ್ತಾಯಿತು, ಅದು ಹೆಣ್ಣಲ್ಲ. ಗಂಡಸು!

ಪತ್ರಿಕೆಗಳು ಗ್ಲಿಡನ್ನನನ್ನು ಚೆನ್ನಾಗಿ ಗೇಲಿ ಮಾಡಿದವು. ಆದರೆ ಸಾವಿರಾರು ವರ್ಷದ ಹಿಂದೆ ತೀರಿಕೊಂಡ ಒಬ್ಬ ಮನುಷ್ಯನನ್ನು ಬಟ್ಟೆ ಕಳಚಿ ವೇದಿಕೆಯ ಮೇಲೆ ಮಲಗಿಸಿದ್ದು ಯಾರಿಗೂ ದೊಡ್ಡ ವಿಷಯ ಅನ್ನಿಸಲಿಲ್ಲ. ಗ್ಲಿಡನ್ನನ ಎರಡು ಮಮ್ಮಿಗಳು ಆಮೇಲೆ ನ್ಯೂ ಆರ್ಲಿಯನ್ಸ್‌ನ ಟುಲೇನ್ ವಿಶ್ವವಿದ್ಯಾಲಯ ಸೇರಿದವು. ಇಪ್ಪತ್ತನೇ ಶತಮಾನದಲ್ಲಿ ಅಲ್ಲಿನ ಫುಟ್‌ಬಾಲ್ ಸ್ಟೇಡಿಯಂನ ಗ್ಯಾಲರಿಯ ಕೆಳಗೆ ವರ್ಷಗಟ್ಟಲೆ ಬಿದ್ದಿದ್ದವು. ಮೇಲೆ ಸಾವಿರಾರು ಜನರ ಕೇಕೆ, ಕೆಳಗೆ ಇವರು.

ಇಲ್ಲಿಯವರೆಗೆ ಓದಿದವರಿಗೆ ಇದು ಬರೀ ಮನರಂಜನೆಯ ಕಥೆ ಅನ್ನಿಸಬಹುದು. ಅಸಲಿ ವಿಷಯ ಈಗ ಬರುತ್ತೆ.

ಇದೇ ಗ್ಲಿಡನ್ ಈಜಿಪ್ಟಿನ ಗೋರಿಗಳಿಂದ ತಲೆಬುರುಡೆಗಳನ್ನು ತರಿಸಿ ಫಿಲಡೆಲ್ಫಿಯಾದ ವೈದ್ಯ ಸ್ಯಾಮ್ಯುಯೆಲ್ ಮಾರ್ಟನ್‌ಗೆ ಕೊಡುತ್ತಿದ್ದ. ಮಾರ್ಟನ್ ಜಗತ್ತಿನ ನಾನಾ ಕಡೆಯ ಬುರುಡೆಗಳನ್ನು ಗುಡ್ಡೆ ಹಾಕಿಕೊಂಡಿದ್ದ. ಅದರಲ್ಲಿ ನಮ್ಮ ಹಿಂದೂಸ್ಥಾನದವರ ಬುರುಡೆಗಳೂ ಇದ್ದವು. ಬುರುಡೆಯೊಳಗೆ ಎಷ್ಟು ಜಾಗ ಇದೆ ಅಂತ ಅಳೆದು, ಯಾವ ಜನಾಂಗ ಮೇಲು, ಯಾವುದು ಕೀಳು ಅಂತ ಪಟ್ಟಿ ಮಾಡಿದ. ಹಳೆಯ ಈಜಿಪ್ಟನ್ನು ಆಳಿದವರು ಕರಿಯರಲ್ಲ, ಕರಿಯರು ಅಲ್ಲೂ ಆಳುಗಳೇ ಆಗಿದ್ದರು ಎಂದು 1844ರಲ್ಲಿ ಪುಸ್ತಕ ಬರೆದ. ಹತ್ತು ವರ್ಷದ ಮೇಲೆ, 1854ರಲ್ಲಿ, ಗ್ಲಿಡನ್ ಮತ್ತು ಜೋಸಿಯಾ ನಾಟ್ ಸೇರಿ ಇನ್ನೊಂದು ದಪ್ಪ ಪುಸ್ತಕ ತಂದರು. ಅಮೆರಿಕದ ದಕ್ಷಿಣದಲ್ಲಿ ಆಗ ಲಕ್ಷಾಂತರ ಕರಿಯರು ಗುಲಾಮರು. ಅವರನ್ನು ಹರಾಜು ಹಾಕುತ್ತಿದ್ದ ಒಡೆಯರಿಗೆ ಈ ಪುಸ್ತಕ ಹಬ್ಬದೂಟ. ನೋಡಿ, ವಿಜ್ಞಾನವೇ ಹೇಳಿದೆಯಲ್ಲ, ನಾವು ಮಾಡುತ್ತಿರುವುದು ಸರಿ ಅಂತ!

ಅದೇ 1854ರ ಜುಲೈನಲ್ಲಿ ಓಹಿಯೋದ ಒಂದು ಕಾಲೇಜಿನ ವೇದಿಕೆ ಏರಿ ಇದಕ್ಕೆ ಉತ್ತರ ಕೊಟ್ಟವರು ಫ್ರೆಡರಿಕ್ ಡಗ್ಲಸ್. ಸ್ವತಃ ಗುಲಾಮರಾಗಿ ಹುಟ್ಟಿ, 1838ರಲ್ಲಿ ತಪ್ಪಿಸಿಕೊಂಡು ಬಂದವರು. ಮಾರ್ಟನ್, ನಾಟ್, ಗ್ಲಿಡನ್ ಮೂವರ ವಾದವನ್ನೂ ಎಳೆ ಎಳೆಯಾಗಿ ಬಿಡಿಸಿಟ್ಟರು. ಈಜಿಪ್ಟಿನವರಿಗೂ ಆಫ್ರಿಕದ ಕರಿಯರಿಗೂ ನಂಟಿದೆ ಎಂದು ವಾದಿಸಿದರು. ಗಮನಿಸಿ, ಇಬ್ಬರ ನಡುವೆ ಜಗಳ ನಡೆದದ್ದು ಮಮ್ಮಿಗಳ ಮೇಲೆ. ಸತ್ತವರ ಬುರುಡೆ ಹಿಡಿದು ಬದುಕಿದವರ ಕಾಲಿಗೆ ಸಂಕೋಲೆ ಹಾಕುವ ಕೆಲಸ ನಡೆದಿತ್ತು. ಈ ಸಂಗ್ರಹಕ್ಕಾಗಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮ್ಯೂಸಿಯಂ ಕ್ಷಮೆ ಕೇಳಿದ್ದು ಯಾವಾಗ ಗೊತ್ತಾ? 2021ರಲ್ಲಿ.

ಇನ್ನು ಬಟ್ಟೆಯ ವ್ಯಾಪಾರ. ಆ ಕಾಲದಲ್ಲಿ ಕಾಗದ ಮಾಡುತ್ತಿದ್ದದ್ದು ಹಳೆ ಬಟ್ಟೆಯಿಂದ. ಅಮೆರಿಕದಲ್ಲಿ ಪತ್ರಿಕೆಗಳು ಹೆಚ್ಚಾದವು, ಚಿಂದಿ ಸಾಲದಾಯಿತು. 1855ರಲ್ಲಿ ಐಸಾಯಾ ಡೆಕ್ ಎಂಬಾತ ಲೆಕ್ಕ ಹಾಕಿ ಸಲಹೆ ಕೊಟ್ಟ: ಈಜಿಪ್ಟಿನ ಮಮ್ಮಿಗಳ ಮೈಮೇಲೆ ಬೇಕಾದಷ್ಟು ನಾರುಬಟ್ಟೆ ಇದೆ, ತರಿಸಿ, ಕಾಗದ ಮಾಡಿ. ಮೇಯ್ನ್ ರಾಜ್ಯದ ಒಂದು ಕಾರ್ಖಾನೆಯಲ್ಲಿ ಹಾಗೆ ಮಾಡಿಯೇಬಿಟ್ಟರು ಎಂಬ ಕಥೆ ಉಂಟು. ಇತಿಹಾಸಕಾರರ ವಾದ ಇನ್ನೂ ಮುಗಿದಿಲ್ಲ. ಈಜಿಪ್ಟಿನ ರೈಲು ಓಡುವುದು ಮಮ್ಮಿಗಳನ್ನು ಉರಿಸಿ ಎಂದು ಮಾರ್ಕ್ ಟ್ವೇನ್ 1869ರ ತಮ್ಮ ಪ್ರವಾಸ ಪುಸ್ತಕದಲ್ಲಿ ತಮಾಷೆ ಮಾಡಿದರು. ಇವತ್ತಿಗೂ ಅದನ್ನು ನಿಜ ಅಂತ ಫಾರ್ವರ್ಡ್ ಮಾಡುವವರಿದ್ದಾರೆ! ಆ ಜೋಕು ನಿಜ ಅನ್ನಿಸಿತಲ್ಲ, ಅದನ್ನು ಯೋಚಿಸಿ. ಮನುಷ್ಯರ ದೇಹ ಸೌದೆ ಲೆಕ್ಕಕ್ಕೆ ಇಳಿದಿತ್ತು.

ಈಜಿಪ್ಟಿನವರೇ ಮಾರಿದರಲ್ಲ, ಕೊಂಡವರದ್ದೇನು ತಪ್ಪು ಅಂತ ಕೇಳುವವರಿದ್ದಾರೆ. ಮಾರಿದವರಿದ್ದರು, ಸುಳ್ಳಲ್ಲ. ಬಡ ರೈತ ಗೋರಿ ಅಗೆದ, ದಲ್ಲಾಳಿ ಸಾಗಿಸಿದ, ಕಾನ್ಸುಲ್‌ಗಳು ಹಡಗು ಹತ್ತಿಸಿದರು. ಆದರೆ ಈಜಿಪ್ಟಿನ ದೊರೆ ಮಹಮ್ಮದ್ ಅಲಿ 1835ರಲ್ಲೇ ಪ್ರಾಚೀನ ವಸ್ತುಗಳನ್ನು ಹೊರಗೆ ಸಾಗಿಸಬಾರದೆಂದು ಆಜ್ಞೆ ಹೊರಡಿಸಿದ್ದ. ಚಾಂಡ್ಲರ್ ಕರ್ಟ್ಲೆಂಡಿನಲ್ಲಿ ವ್ಯಾಪಾರ ಕುದುರಿಸಿದ ಅದೇ ವರ್ಷ! ಕೊಳ್ಳುವವರು ಸಾಲುಗಟ್ಟಿ ನಿಂತಿದ್ದರೆ ಆಜ್ಞೆಯನ್ನು ಕೇಳುವವರು ಯಾರು?

ನಮ್ಮವರೇನು ಕಮ್ಮಿ ಇರಲಿಲ್ಲ. ನಿಜಾಮರ ಅಳಿಯ ನಜೀರ್ ನವಾಜ್ ಜಂಗ್ 1920ರ ಸುಮಾರಿಗೆ ಸಾವಿರ ಪೌಂಡ್ ಕೊಟ್ಟು ಒಂದು ಮಮ್ಮಿ ಕೊಂಡರು. ಅದು ನಿಜಾಮ್ ಉಸ್ಮಾನ್ ಅಲಿ ಖಾನರ ಕೈ ಸೇರಿ, 1930ರಲ್ಲಿ ಹೈದರಾಬಾದಿನ ಮ್ಯೂಸಿಯಂಗೆ ಬಂತು. ನಮ್ಮ ಕಲಬುರಗಿ, ಬೀದರ್, ರಾಯಚೂರು ಆಗ ಅದೇ ಸಂಸ್ಥಾನದಲ್ಲಿದ್ದವು. ಅವಳ ಹೆಸರು ನೈಶು. ಯುವತಿ. ಇವತ್ತಿಗೂ ಅಲ್ಲೇ ಗಾಜಿನ ಪೆಟ್ಟಿಗೆಯಲ್ಲಿದ್ದಾಳೆ. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸುತ್ತೇವೆ.

ಆದರೆ ಗಾಜಿನ ಆಚೆ ನಮ್ಮವರೇ ಮಲಗಿದ್ದರೆ? 2024ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನ ಒಂದು ಹರಾಜು ಸಂಸ್ಥೆಯ ಪಟ್ಟಿಯಲ್ಲಿ ನಾಗಾ ಬುಡಕಟ್ಟಿನವರೊಬ್ಬರ ತಲೆಬುರುಡೆ ಕಾಣಿಸಿತು. ಹತ್ತೊಂಬತ್ತನೇ ಶತಮಾನದ್ದು. ಬೆಲೆ ಸಾವಿರಾರು ಪೌಂಡ್. ನಾಗಾಲ್ಯಾಂಡಿನ ಮುಖ್ಯಮಂತ್ರಿ ನೆಫಿಯು ರಿಯೋ ಕೇಂದ್ರಕ್ಕೆ ಪತ್ರ ಬರೆದರು, ಪ್ರತಿಭಟನೆ ಎದ್ದಿತು, ಹರಾಜಿನಿಂದ ಬುರುಡೆ ವಾಪಸ್ಸಾಯಿತು. ಯಾಕೆ ವಾಪಸ್ಸಾಯಿತು? ಆ ಬುರುಡೆಗೆ ಕೇಳುವವರಿದ್ದರು. ಬಾಸ್ಟನ್ನಿನಲ್ಲಿ ಪದಿಹೆರ್ಶೆಫ್‌ಗೆ ಕೇಳುವವರು ಇರಲಿಲ್ಲ. ಪುತ್ತೂರಿನ ಆ ಮಗಳಿಗೆ ಮೂವತ್ತು ವರ್ಷದ ಮೇಲೂ ಕೇಳುವವರಿದ್ದಾರೆ. ವ್ಯತ್ಯಾಸ ಇಷ್ಟೇ. ಯಾರ ಬೆನ್ನ ಹಿಂದೆ ಮನೆಯವರಿಲ್ಲವೋ ಅವರು ಬೇಗ ವಸ್ತುವಾಗುತ್ತಾರೆ. ಅಪಘಾತದ ಜಾಗದಲ್ಲಿ ಮೊಬೈಲ್ ಎತ್ತುವ ಕೈಗಳನ್ನು ನೋಡಿದಾಗಲೂ ನನಗೆ ಆ 25 ಸೆಂಟಿನ ಸಾಲೇ ಕಾಣುತ್ತದೆ.

ಮಮ್ಮಿಗಳಿಂದ ಜಗತ್ತು ಕಲಿತದ್ದು ಬಹಳ. ರೋಗ, ಊಟ, ವೈದ್ಯ ಎಲ್ಲ ತಿಳಿಯಿತು. ಈಗ ಬಟ್ಟೆ ಬಿಚ್ಚದೆಯೇ ಸ್ಕ್ಯಾನ್ ಮಾಡಿ ಓದುತ್ತಾರೆ. ಮ್ಯೂಸಿಯಂ ಮುಚ್ಚಿ ಅಂತ ನಾನು ಹೇಳುತ್ತಿಲ್ಲ. ಮರ್ಯಾದೆಯಿಂದ ನೋಡೋಣ ಅಂತಿದ್ದೇನೆ, ಅಷ್ಟೆ. ಅದು ಸಾಧ್ಯ ಅನ್ನೋದಕ್ಕೆ ಒಂದು ಸಾಕ್ಷಿ ಇದೆ.

ನಯಾಗರ ಜಲಪಾತದ ಬಳಿ ಒಂದು ಮ್ಯೂಸಿಯಂ ಇತ್ತು. ಎರಡು ತಲೆಯ ಕರುವಿನಂಥ ವಿಚಿತ್ರಗಳ ಸಂತೆ. 1860ರ ಸುಮಾರಿಗೆ ಅಲ್ಲಿಗೆ ಬಂದ ಮಮ್ಮಿಗಳಲ್ಲಿ ಒಂದು, ಎದೆಯ ಮೇಲೆ ಕೈಗಳನ್ನು ಅಡ್ಡಲಾಗಿ ಇಟ್ಟುಕೊಂಡು, ನೂರಕ್ಕೂ ಹೆಚ್ಚು ವರ್ಷ ಪ್ರವಾಸಿಗರ ಕಣ್ಣಿಗೆ ಬಿದ್ದಿತ್ತು. 1999ರಲ್ಲಿ ಅಟ್ಲಾಂಟಾದ ಎಮರಿ ವಿಶ್ವವಿದ್ಯಾಲಯದ ಮ್ಯೂಸಿಯಂ ಆ ಸಂಗ್ರಹ ಕೊಂಡಿತು. ಪರೀಕ್ಷೆ ಮಾಡಿ ನೋಡಿದರೆ, ಅದು ಮೊದಲನೇ ರಾಮ್ಸೆಸ್ ದೊರೆಯ ದೇಹವೇ ಇರಬೇಕು ಎಂಬ ತೀರ್ಮಾನಕ್ಕೆ ಬಂದರು. ಆ ಮ್ಯೂಸಿಯಂ ದುಡ್ಡು ಕೇಳಲಿಲ್ಲ. 2003ರ ಅಕ್ಟೋಬರ್‌ನಲ್ಲಿ ಅವನನ್ನು ಈಜಿಪ್ಟಿಗೆ ಕಳಿಸಿಕೊಟ್ಟಿತು. ಕೈರೋದಲ್ಲಿ ಹಾಡು, ಮೆರವಣಿಗೆಯೊಂದಿಗೆ ಅವನನ್ನು ಬರಮಾಡಿಕೊಂಡರು.

ದೊರೆಗೆ ಮನೆ ಸಿಕ್ಕಿತು. ಕಲ್ಲುಕುಟಿಗ ಪದಿಹೆರ್ಶೆಫ್ ಇವತ್ತಿಗೂ ಬಾಸ್ಟನ್ನಿನ ಅದೇ ಆಸ್ಪತ್ರೆಯಲ್ಲಿದ್ದಾನೆ. 1846ರಲ್ಲಿ ಈಥರ್ ಕೊಟ್ಟು ನೋವಿಲ್ಲದೆ ಶಸ್ತ್ರಚಿಕಿತ್ಸೆ ಮಾಡಿ ಜಗತ್ತಿಗೆ ತೋರಿಸಿದ ಆ ಪ್ರಸಿದ್ಧ ಕೊಠಡಿಯಲ್ಲಿ. ನಿಮ್ಮ ಮಕ್ಕಳು ಆ ಕಡೆ ಓದುತ್ತಿದ್ದರೆ, ಕೆಲಸದಲ್ಲಿದ್ದರೆ, ಒಮ್ಮೆ ಹೋಗಿ ಬರಲಿ. ಅಷ್ಟು ದೂರ ಆಗದವರಿಗೆ ಹೈದರಾಬಾದ್ ಇದ್ದೇ ಇದೆ. ಹೋದಾಗ ಮೊಬೈಲ್ ಜೇಬಿನಲ್ಲಿರಲಿ. ಮೊದಲು ಹೆಸರು ಓದಿ, ಒಂದು ಸಲ ಬಾಯಿಬಿಟ್ಟು ಹೇಳಿ. ಅವರು ಕೇಳಿಕೊಂಡಿದ್ದು ಅಷ್ಟನ್ನೇ.