ಅಮಾಲ್ಫಿ ಕರಾವಳಿ: ತಂಗುದಾಣಗಳ ಇತಿಹಾಸ

ನೇಪಲ್ಸ್ ಕೊಲ್ಲಿಗೂ ಸಲೆರ್ನೊ ಕೊಲ್ಲಿಗೂ ನಡುವೆ ಕಡಲಿನೊಳಕ್ಕೆ ಚಾಚಿಕೊಂಡಿರುವುದು ಇಟಲಿಯ ಸೊರೆಂಟೊ ಪರ್ಯಾಯ ದ್ವೀಪ. ಅದರ ದಕ್ಷಿಣ ಮಗ್ಗುಲೇ ಅಮಾಲ್ಫಿ ಕರಾವಳಿ. ಪೂರ್ವದ ವಿಯೆತ್ರಿಯಿಂದ ಪಶ್ಚಿಮದ ಪೊಸಿಟಾನೊವರೆಗೆ 13 ಪುರಸಭೆಗಳು ಇದರಲ್ಲಿ ಸೇರಿವೆ. ಲತ್ತಾರಿ ಬೆಟ್ಟಸಾಲು ಇಲ್ಲಿ ನೇರವಾಗಿ ಕಡಲಿಗೆ ಇಳಿಯುವುದರಿಂದ ಸಮತಟ್ಟಾದ ನೆಲ ತೀರ ಕಡಿಮೆ. ಹಳ್ಳಗಳು ಸಮುದ್ರ ಸೇರುವ ಇಕ್ಕಟ್ಟಾದ ಬಾಯಿ, ಬಂಡೆಯ ಚಾಚು, ಬೆಟ್ಟದ ನೆತ್ತಿ, ಮನೆ ಕಟ್ಟಲು ಸಿಗುವ ಜಾಗ ಇಷ್ಟೇ. ಉಳಿದ ಇಳಿಜಾರಿಗೆ ಜನ ಕಲ್ಲುಗೋಡೆ ಕಟ್ಟಿ, ಮೆಟ್ಟಿಲು ಮೆಟ್ಟಿಲಾಗಿ ತೋಟ ಮಾಡಿ, ನಿಂಬೆ ಮತ್ತು ದ್ರಾಕ್ಷಿ ಬೆಳೆದರು. ಹಾಗಾಗಿ ಪ್ರವಾಸಿಗರು ಬರತೊಡಗಿದಾಗ ಅವರಿಗೆಂದು ಹೊಸ ಕಟ್ಟಡ ಎಬ್ಬಿಸಿದ್ದಕ್ಕಿಂತ, ಹಿಂದಿನವರು ಬೇರೆ ಉದ್ದೇಶಕ್ಕೆ ಕಟ್ಟಿ ತೊರೆದುಹೋದ ಕಟ್ಟಡಗಳನ್ನೇ ವಸತಿಗೆ ಒದಗಿಸಿದ್ದು ಹೆಚ್ಚು. ಯಾವ ಊರಿನಲ್ಲಿ ಇಳಿದುಕೊಳ್ಳಬೇಕೆಂಬುದನ್ನೂ ನೋಟದ ಸೊಗಸಿಗಿಂತ ಮೊದಲು ಅಲ್ಲಿಗೆ ತಲುಪುವ ದಾರಿಯೇ ತೀರ್ಮಾನಿಸುತ್ತಿತ್ತು.

ವಿರಾಮಕ್ಕೆಂದು ಈ ದಡಕ್ಕೆ ಮೊದಲು ಬಂದವರು ರೋಮನ್ ಸಿರಿವಂತರು. ಮಿನೋರಿಯಲ್ಲಿ ಕ್ರಿ.ಶ. 1ನೆಯ ಶತಮಾನದ ಒಂದು ಕಡಲತೀರದ ಮಹಲಿನ ಅವಶೇಷಗಳಿವೆ. ನಡುವೆ ತೋಟ ಮತ್ತು ಕೊಳ, ಸುತ್ತ ಕಮಾನುಗಳ ಸಾಲು, ಪಕ್ಕದಲ್ಲಿ ಸ್ನಾನಗೃಹಗಳು ಇದ್ದ ಮನೆ ಅದು. ಪೊಸಿಟಾನೊದಲ್ಲಿಯೂ ಇಂಥದೇ ಮಹಲೊಂದಿತ್ತು. 79ರಲ್ಲಿ ವೆಸುವಿಯಸ್ ಜ್ವಾಲಾಮುಖಿ ಸಿಡಿದಾಗ ಅದು ಬೂದಿಯಡಿ ಹೂತುಹೋಯಿತು. ಅದರ ಮೇಲೆ ಈಗ ಊರಿನ ಮುಖ್ಯ ಇಗರ್ಜಿಯಾದ ಸಾಂತಾ ಮರಿಯಾ ಅಸ್ಸುಂತಾ ನಿಂತಿದೆ. ಅಗೆತದಿಂದ ಹೊರಬಂದ ಭಿತ್ತಿಚಿತ್ರಗಳ ಕೋಣೆಯನ್ನು 2018ರಲ್ಲಿ ಸಾರ್ವಜನಿಕರಿಗೆ ತೆರೆಯಲಾಯಿತು. ಈ ಎರಡೂ ಮನೆಗಳು ಹಳ್ಳದ ಬಾಯಿಯಲ್ಲಿ, ದೋಣಿ ಎಳೆದು ನಿಲ್ಲಿಸಬಹುದಾದ ದಡದ ಪಕ್ಕದಲ್ಲಿದ್ದವು. ನೆಲದ ಮೇಲೆ ಒಳ್ಳೆಯ ದಾರಿಯಿಲ್ಲದಿದ್ದ ಕಾಲದಲ್ಲಿ ಕಡಲೇ ಹೆದ್ದಾರಿಯಾಗಿತ್ತು.

ಮಧ್ಯಯುಗದಲ್ಲಿ ಇಲ್ಲಿಗೆ ಬರುವವರಿಗಿಂತ ಇಲ್ಲಿಂದ ಹೊರಡುವವರೇ ಹೆಚ್ಚು. 839ರಲ್ಲಿ ಸ್ವತಂತ್ರವಾದ ಅಮಾಲ್ಫಿ, ಬೈಜಾಂಟಿಯಂ ಮತ್ತು ಅರಬ್ ಬಂದರುಗಳ ಜೊತೆ ವ್ಯಾಪಾರ ನಡೆಸಿದ ಸಾಗರ ಗಣರಾಜ್ಯವಾಗಿ ಬೆಳೆಯಿತು. 11ನೆಯ ಶತಮಾನದಲ್ಲಿ ಈ ಊರಿನ ವರ್ತಕರು ಜೆರುಸಲೇಮಿನಲ್ಲಿ ಯಾತ್ರಿಕರಿಗಾಗಿ ಛತ್ರವೊಂದನ್ನು ಕಟ್ಟಿಸಿದ್ದರು. ಮುಂದೆ ಹಾಸ್ಪಿಟಲರ್ ಎಂದು ಹೆಸರಾದ ಯೋಧ ಸನ್ಯಾಸಿಗಳ ಸಂಘ ಹುಟ್ಟಿದ್ದು ಅಲ್ಲಿಂದಲೇ. 1131ರಲ್ಲಿ ನಾರ್ಮನ್ ದೊರೆ ಎರಡನೆಯ ರೋಜರ್ ಅಮಾಲ್ಫಿಯನ್ನು ಪೂರ್ತಿ ವಶಪಡಿಸಿಕೊಂಡ. 1135 ಮತ್ತು 1137ರಲ್ಲಿ ಪೀಸಾ ನಗರದ ನೌಕಾಪಡೆ ಊರನ್ನು ಲೂಟಿ ಮಾಡಿತು. 1343ರ ಬಿರುಗಾಳಿಯಲ್ಲಿ ಊರಿನ ಕೆಳಭಾಗದ ಬಹುಪಾಲು ಕಡಲುಪಾಲಾಯಿತು. ಅಲ್ಲಿಂದ ಮುಂದೆ ಶತಮಾನಗಳ ಕಾಲ ಇದು ಕಾಗದದ ಗಿರಣಿ, ಮೀನುಗಾರಿಕೆ ಮತ್ತು ನಿಂಬೆತೋಟಗಳನ್ನು ನಂಬಿದ ಸಣ್ಣ ಊರಾಗಿಯೇ ಉಳಿಯಿತು.

ಮಧ್ಯಯುಗ ಎರಡು ಬಗೆಯ ಕಟ್ಟಡಗಳನ್ನು ಬಿಟ್ಟುಹೋಯಿತು. ಒಂದು, ರವೆಲ್ಲೊ ಬೆಟ್ಟದ ಮೇಲೆ ರೂಫೊಲೊ ಮುಂತಾದ ವರ್ತಕ ಮನೆತನಗಳು ಕಟ್ಟಿದ ಮಹಲುಗಳು. ಇನ್ನೊಂದು, ಅಮಾಲ್ಫಿಯ ಎರಡು ಬದಿಯ ಬಂಡೆಗಳ ಮೇಲಿನ ಮಠಗಳು. ಪಶ್ಚಿಮದ ಮಠವನ್ನು 1212ರಲ್ಲಿ ಕಾರ್ಡಿನಲ್ ಪಿಯೆತ್ರೊ ಕಪುವಾನೊ ಸ್ಥಾಪಿಸಿದರು. ಸಂತ ಆಂಡ್ರ್ಯೂನ ಅಸ್ಥಿಗಳನ್ನು ಕಾನ್‌ಸ್ಟಾಂಟಿನೋಪಲ್‌ನಿಂದ ಅಮಾಲ್ಫಿಗೆ ತಂದವರೂ ಇವರೇ. ಮೊದಲು ಸಿಸ್ಟರ್ಷಿಯನ್ ಸನ್ಯಾಸಿಗಳಿದ್ದ ಈ ಮಠ 1583ರಲ್ಲಿ ಕಪೂಚಿನ್ ಪಂಥದವರ ಕೈಸೇರಿತು. ಪೂರ್ವದ ಮಠ ಫ್ರಾನ್ಸಿಸ್ಕನ್ನರದು. ಅದನ್ನು 1222ರಲ್ಲಿ ಸಂತ ಫ್ರಾನ್ಸಿಸ್ ಅವರೇ ಸ್ಥಾಪಿಸಿದರೆಂಬ ಪ್ರತೀತಿಯಿದೆ. ಜನವಸತಿಯಿಂದ ತುಸು ದೂರ, ಬೆಳಗಿನಿಂದ ಸಂಜೆಯವರೆಗೆ ಬಿಸಿಲು, ಕೈಗೆಟಕುವ ನೀರು ಮತ್ತು ತೋಟ, ಇವು ಸನ್ಯಾಸಿಗಳು ಜಾಗ ಆಯ್ದ ಬಗೆ. ಆರು ಶತಮಾನಗಳ ಮೇಲೆ ಬಂದ ಪ್ರವಾಸಿಗರು ಬಯಸಿದ್ದೂ ಇವುಗಳನ್ನೇ.

18ನೆಯ ಶತಮಾನದಲ್ಲಿ ಉತ್ತರ ಯುರೋಪಿನ ಸಿರಿವಂತ ತರುಣರು ವಿದ್ಯಾಭ್ಯಾಸದ ಕೊನೆಗೆ ಕೈಗೊಳ್ಳುತ್ತಿದ್ದ ಇಟಲಿ ಯಾತ್ರೆ ಸಾಮಾನ್ಯವಾಗಿ ನೇಪಲ್ಸ್, ಪೊಂಪೇಯಿ, ಪೇಸ್ತುಮ್‌ಗಳಲ್ಲಿ ಮುಗಿಯುತ್ತಿತ್ತು. ಜರ್ಮನ್ ಕವಿ ಗಯಟೆ 1787ರಲ್ಲಿ ಪೇಸ್ತುಮ್‌ವರೆಗೆ ಬಂದದ್ದು ಈ ಜಾಡಿನಲ್ಲೇ. ಬೆಟ್ಟದ ಈಚೆಗಿನ ಅಮಾಲ್ಫಿಗೆ ಬರಬೇಕಾದರೆ ದೋಣಿ ಹಿಡಿಯಬೇಕಿತ್ತು, ಇಲ್ಲವೇ ಹೇಸರಗತ್ತೆಗಳ ಕಾಲುದಾರಿಯಲ್ಲಿ ಏರಿಳಿಯಬೇಕಿತ್ತು. ಆ ಶ್ರಮಕ್ಕೆ ಮೊದಲು ಒಡ್ಡಿಕೊಂಡವರಲ್ಲಿ ಚಿತ್ರಕಾರರಿದ್ದರು. ಜರ್ಮನಿಯ ಕಾರ್ಲ್ ಬ್ಲೆಶೆನ್ 1829ರಲ್ಲಿ ಇಲ್ಲಿನ ಗಿರಣಿ ಕಣಿವೆಯನ್ನು ಚಿತ್ರಿಸಿದ. ಇಂಥ ಚಿತ್ರಗಳು ಈ ದಡದ ಹೆಸರನ್ನು ಉತ್ತರದ ಮನೆಗಳಿಗೆ ಒಯ್ದವು.

ಇದೇ ಹೊತ್ತಿಗೆ ಕಟ್ಟಡಗಳೂ ತೆರವಾಗಿದ್ದವು. ನೆಪೋಲಿಯನ್ ಆಳ್ವಿಕೆಯ ಕಾಲದಲ್ಲಿ, 1807 ಮತ್ತು 1809ರಲ್ಲಿ, ನೇಪಲ್ಸ್ ರಾಜ್ಯದ ಅನೇಕ ಮಠಗಳನ್ನು ಮುಚ್ಚಿ ಅವುಗಳ ಆಸ್ತಿಯನ್ನು ಸರ್ಕಾರ ವಶಕ್ಕೆ ತೆಗೆದುಕೊಂಡಿತ್ತು. ಅಮಾಲ್ಫಿಯ ಎರಡೂ ಮಠಗಳು 19ನೆಯ ಶತಮಾನದಲ್ಲಿ ಹೋಟೆಲುಗಳಾದವು. ಫ್ರಾನ್ಸಿಸ್ಕನ್ ಮಠ ಹೋಟೆಲ್ ಲೂನಾ ಆಯಿತು, ಇನ್ನೊಂದು ಕಪೂಚಿನ್ನರ ಹೆಸರಿನಲ್ಲೇ ನಡೆಯಿತು. ಸನ್ಯಾಸಿಗಳ ಕೊಠಡಿಗಳು ಅತಿಥಿಗಳ ಕೋಣೆಗಳಾದವು, ಭೋಜನಶಾಲೆ ಭೋಜನಶಾಲೆಯಾಗಿಯೇ ಉಳಿಯಿತು. ನಾರ್ವೆಯ ನಾಟಕಕಾರ ಹೆನ್ರಿಕ್ ಇಬ್ಸನ್ 1879ರ ಬೇಸಿಗೆಯಲ್ಲಿ ಲೂನಾದಲ್ಲಿ ಇಳಿದುಕೊಂಡು ‘ಗೊಂಬೆ ಮನೆ’ ನಾಟಕ ಬರೆದ. ಕಪೂಚಿನ್ ಮಠದ ಬಳ್ಳಿಚಪ್ಪರದಡಿಯ ಕಂಬಗಳ ಸಾಲು, ಅದರಾಚೆಗಿನ ಕಡಲು, ಈ ನೋಟ ಪೋಸ್ಟ್‌ಕಾರ್ಡುಗಳಲ್ಲಿ ಮತ್ತೆ ಮತ್ತೆ ಅಚ್ಚಾಗಿ ಇಡೀ ಕರಾವಳಿಯ ಗುರುತೇ ಆಗಿಬಿಟ್ಟಿತು.

ದಾರಿ ಬದಲಾದದ್ದು 19ನೆಯ ಶತಮಾನದ ನಡುವಿನಲ್ಲಿ. ಇಟಲಿಯ ಮೊದಲ ರೈಲು 1839ರಲ್ಲಿ ನೇಪಲ್ಸ್ ಮತ್ತು ಪೋರ್ತಿಚಿ ನಡುವೆ ಓಡಿತು. ಹಳಿ 1860ರ ಹೊತ್ತಿಗೆ ವಿಯೆತ್ರಿಯನ್ನೂ 1866ಕ್ಕೆ ಸಲೆರ್ನೊವನ್ನೂ ಮುಟ್ಟಿತು. ಬೂರ್ಬೋನ್ ದೊರೆ ಎರಡನೆಯ ಫರ್ಡಿನೆಂಡ್‌ನ ಕಾಲದಲ್ಲಿ ವಿಯೆತ್ರಿಯಿಂದ ಅಮಾಲ್ಫಿಗೆ ಬಂಡೆ ಕಡಿದು ಮಾಡಿದ ಗಾಡಿರಸ್ತೆ 1850ರ ದಶಕದ ಆರಂಭಕ್ಕೆ ಸಿದ್ಧವಾಯಿತು. ಪಶ್ಚಿಮಕ್ಕೆ ಪೊಸಿಟಾನೊ ಹಾದು ಸೊರೆಂಟೊ ಕಡೆಗೆ ಅದು ಕೂಡಿಕೊಳ್ಳಲು ಶತಮಾನದ ಕೊನೆಯವರೆಗೂ ಕಾಯಬೇಕಾಯಿತು. ಹೀಗಾಗಿ ಹಲವು ದಶಕಗಳ ಕಾಲ ಪ್ರವಾಸಿಗರು ಪೂರ್ವದಿಂದಲೇ ಬಂದರು. ರೈಲಿನಿಂದಿಳಿದು ಕುದುರೆಗಾಡಿ ಹಿಡಿದು ಅಮಾಲ್ಫಿ ಸೇರುವುದು ರೂಢಿಯಾಯಿತು. ರಸ್ತೆ ಅಲ್ಲಿಗೇ ನಿಲ್ಲುತ್ತಿದ್ದುದರಿಂದ ಅಮಾಲ್ಫಿಯೇ ಬಿಡಾರದ ಊರು. ಪೊಸಿಟಾನೊ ಆಗಿನ್ನೂ ಯಾರ ಎಣಿಕೆಯಲ್ಲೂ ಇರಲಿಲ್ಲ.

ಪರ್ಯಾಯ ದ್ವೀಪದ ಉತ್ತರ ಮಗ್ಗುಲಿನ ಸೊರೆಂಟೊ ಈ ಕರಾವಳಿಯ ಭಾಗವಲ್ಲ. ಆದರೂ ವಸತಿಯ ವಿಚಾರ ಬಂದಾಗ ಎರಡನ್ನೂ ತೂಗಿ ನೋಡುವುದು ಆಗಿನಿಂದಲೂ ನಡೆದುಬಂದಿದೆ. ಸಮುದ್ರದಿಂದ ಗೋಡೆಯಂತೆ ಎದ್ದ ಬಂಡೆಯ ಮೇಲೆ ಸೊರೆಂಟೊಗೆ ವಿಶಾಲವಾದ ಸಮನೆಲವಿತ್ತು. ಆದ್ದರಿಂದ ಹೋಟೆಲಿಗೆಂದೇ ದೊಡ್ಡ ಕಟ್ಟಡಗಳನ್ನು ಎಬ್ಬಿಸಲು ಅಲ್ಲಿ ಸಾಧ್ಯವಾಯಿತು. ಈಗ ಎಕ್ಸೆಲ್ಸಿಯರ್ ವಿತ್ತೋರಿಯಾ ಎನಿಸಿಕೊಂಡಿರುವ ಹೋಟೆಲ್ 1834ರಿಂದ ಒಂದೇ ಮನೆತನದ ಒಡೆತನದಲ್ಲಿದೆ. 1876ರಲ್ಲಿ ಸಂಗೀತಗಾರ ರಿಚರ್ಡ್ ವಾಗ್ನರ್ ಇಲ್ಲಿ ತಂಗಿದ್ದ. ಅದೇ ಊರಿನ ಇನ್ನೊಂದು ಮನೆಯಲ್ಲಿದ್ದ ತತ್ತ್ವಜ್ಞಾನಿ ನೀಚೆಯೊಡನೆ ಅವನ ಕೊನೆಯ ಭೇಟಿ ನಡೆದದ್ದು ಆಗಲೇ. ಇಬ್ಸನ್ ಕೂಡ 1881ರಲ್ಲಿ ಸೊರೆಂಟೊಗೆ ಬಂದು ‘ಪ್ರೇತಗಳು’ ನಾಟಕ ಬರೆದ. ರಷ್ಯನ್ ಲೇಖಕ ಮ್ಯಾಕ್ಸಿಂ ಗಾರ್ಕಿ 1920ರ ದಶಕದಲ್ಲಿ ಇಲ್ಲಿ ವರ್ಷಗಟ್ಟಲೆ ನೆಲೆಸಿದ.

ಆ ಕಾಲದ ಪ್ರವಾಸಿ ಹಂಗಾಮು ಚಳಿಗಾಲ ಮತ್ತು ವಸಂತ. ಇಂಗ್ಲೆಂಡ್, ಜರ್ಮನಿ, ಸ್ಕ್ಯಾಂಡಿನೇವಿಯಾಗಳ ಹಿಮ ಮತ್ತು ಕಾವಳದಿಂದ ತಪ್ಪಿಸಿಕೊಳ್ಳಲು, ಎದೆಯ ಕಾಯಿಲೆಗೆ ಮದ್ದಾಗಿ ಬಿಸಿಲು ಕಾಯಿಸಿಕೊಳ್ಳಲು ಜನ ಬರುತ್ತಿದ್ದರು. ದಕ್ಷಿಣಕ್ಕೆ ಮುಖಮಾಡಿದ, ಬೆನ್ನಿಗೆ ಬೆಟ್ಟವಿರುವ ಅಮಾಲ್ಫಿ ಕರಾವಳಿಗೆ ಬಡಗಣ ಗಾಳಿ ತಾಕುವುದಿಲ್ಲ. ಉತ್ತರಕ್ಕೆ ತೆರೆದ ಸೊರೆಂಟೊ ಬೇಸಿಗೆಗೆ ಹಿತ. ಬೇಡೆಕರ್, ಮರ್ರೆ ಮುಂತಾದ ಪ್ರವಾಸಿ ಕೈಪಿಡಿಗಳನ್ನು ಹಿಡಿದು ಬರುತ್ತಿದ್ದವರು ಕೋಣೆ ಕೇಳುವಾಗ ಅದು ಯಾವ ದಿಕ್ಕಿಗಿದೆಯೆಂದು ಮೊದಲು ವಿಚಾರಿಸುತ್ತಿದ್ದರು. ಸಮುದ್ರಸ್ನಾನ ಆಗಿನ್ನೂ ಯಾತ್ರೆಯ ಮುಖ್ಯ ಉದ್ದೇಶವಾಗಿರಲಿಲ್ಲ.

ಸಮುದ್ರಮಟ್ಟದಿಂದ ಸುಮಾರು 350 ಮೀಟರ್ ಎತ್ತರದ ರವೆಲ್ಲೊ ಬೇರೆಯೇ ಬಗೆಯ ಅತಿಥಿಗಳನ್ನು ಸೆಳೆಯಿತು. ಪಾಳುಬಿದ್ದಿದ್ದ ವಿಲ್ಲಾ ರೂಫೊಲೊವನ್ನು ಸ್ಕಾಟ್ಲೆಂಡಿನ ಫ್ರಾನ್ಸಿಸ್ ನೆವಿಲ್ ರೀಡ್ 1850ರ ದಶಕದ ಆರಂಭದಲ್ಲಿ ಕೊಂಡು, ಗೋಪುರ ಮತ್ತು ಒಳಾಂಗಣ ದುರಸ್ತಿ ಮಾಡಿಸಿ, ತೋಟ ಬೆಳೆಸಿದ. ಆ ತೋಟಕ್ಕೆ 1880ರ ಮೇ 26ರಂದು ಬಂದ ವಾಗ್ನರ್, ತನ್ನ ‘ಪಾರ್ಸಿಫಲ್’ ಸಂಗೀತ ನಾಟಕದ ಮಾಂತ್ರಿಕ ಉದ್ಯಾನ ಇಲ್ಲಿ ಸಿಕ್ಕಿತೆಂದು ಹೇಳಿಕೊಂಡ. ಇದೇ ನಂಟಿನಿಂದ 1953ರಲ್ಲಿ ಶುರುವಾದ ಸಂಗೀತೋತ್ಸವ ಈಗಲೂ ನಡೆಯುತ್ತಿದೆ. 1893ರಲ್ಲಿ ಕರೂಸೊ ಮನೆತನ ಹಳೆಯ ಮಹಲೊಂದರಲ್ಲಿ ಹೋಟೆಲ್ ತೆರೆಯಿತು. 1904ರಲ್ಲಿ ಇಂಗ್ಲಿಷ್ ಶ್ರೀಮಂತ ಅರ್ನೆಸ್ಟ್ ಬೆಕೆಟ್ ವಿಲ್ಲಾ ಚಿಂಬ್ರೋನೆಯನ್ನು ಕೊಂಡು, ಊರಿನವನೇ ಆದ ನಿಕೋಲಾ ಮಾನ್ಸಿಯ ನೆರವಿನಿಂದ ಅದರ ಪ್ರಸಿದ್ಧ ಜಗಲಿಯನ್ನು ಕಟ್ಟಿಸಿದ. 1938ರಲ್ಲಿ ನಟಿ ಗ್ರೇಟಾ ಗಾರ್ಬೊ ತಂಗಿದ್ದ ಆ ಮನೆ ಈಗ ಹೋಟೆಲ್. ಕೈಯಲ್ಲಿ ಹಣ ಕಡಿಮೆಯಿದ್ದವರಿಗೆ ಊಟ ವಸತಿ ಎರಡನ್ನೂ ಕೊಡುವ ಪೆನ್ಸಿಯೋನೆಗಳಿದ್ದವು. ಡಚ್ ಚಿತ್ರಕಾರ ಎಂ. ಸಿ. ಎಷರ್ 1923ರಲ್ಲಿ ರವೆಲ್ಲೊದ ಇಂಥದೊಂದರಲ್ಲಿ ಉಳಿದಿದ್ದಾಗ ಅಲ್ಲೇ ತಂಗಿದ್ದ ಯೆಟ್ಟಾ ಉಮಿಕರ್ ಪರಿಚಯವಾಗಿ, ಮರುವರ್ಷ ಅವರಿಬ್ಬರ ಮದುವೆಯಾಯಿತು. ಪಕ್ಕದ ಅತ್ರಾನಿಯ ಮನೆಗಳ ಸಾಲು ಎಷರನ ‘ಮೆಟಮಾರ್ಫಸಿಸ್’ ಚಿತ್ರಮಾಲೆಯಲ್ಲಿ ಕಾಣಿಸಿಕೊಂಡಿತು.

ನೆಲದ ಕಡಿದಾದ ಇಳಿಜಾರು ವಸತಿಗೆ ಅಪಾಯವನ್ನೂ ತಂದಿತು. 1899ರ ಡಿಸೆಂಬರ್‌ನಲ್ಲಿ ಅಮಾಲ್ಫಿಯ ಕಪೂಚಿನ್ ಬಂಡೆಯ ಒಂದು ಭಾಗ ಕುಸಿದು ಕೆಳಗಿನ ಕಟ್ಟಡಗಳ ಮೇಲೆ ಬಿತ್ತು. ಆಗ ನೆಲೆ ಕಳೆದುಕೊಂಡ ಸಾಂತಾ ಕಾತೆರೀನಾ ಹೋಟೆಲ್ 1904ರಲ್ಲಿ ಊರಿನ ಹೊರಗೆ ಮತ್ತೆ ಆರಂಭವಾಯಿತು. 1954ರ ಅಕ್ಟೋಬರ್ ಕೊನೆಯ ವಾರದಲ್ಲಿ ಸಲೆರ್ನೊ ಮತ್ತು ಸುತ್ತಲ ಊರುಗಳಲ್ಲಿ ಉಕ್ಕಿದ ನೆರೆಗೆ 300ಕ್ಕೂ ಹೆಚ್ಚು ಜನ ಬಲಿಯಾದರು. ಮಾಯೋರಿಯ ಹಳೆಯ ಊರು ಬಹುಮಟ್ಟಿಗೆ ಕೊಚ್ಚಿಹೋಯಿತು. ಹೊಸದಾಗಿ ಕಟ್ಟುವಾಗ ಕಡಲಿನ ಪಕ್ಕ ಅಗಲವಾದ ರಸ್ತೆ, ಬಹುಮಹಡಿ ಹೋಟೆಲುಗಳು ಎದ್ದವು. ಕರಾವಳಿಯ ಅತಿ ಉದ್ದದ ಮರಳುದಂಡೆಯೂ ಅಲ್ಲೇ ಇರುವುದರಿಂದ ಮಾಯೋರಿ ಮಕ್ಕಳೊಂದಿಗೆ ಬರುವ ಇಟಲಿಯ ಕುಟುಂಬಗಳ ಊರಾಯಿತು.

ಪೊಸಿಟಾನೊದ ಸರದಿ ಬಂದದ್ದು ಕೊನೆಗೆ. ಹಡಗುಗಳ ಹಳೆಯ ವ್ಯಾಪಾರ ಕುಸಿದು, 19ನೆಯ ಶತಮಾನದ ದ್ವಿತೀಯಾರ್ಧದಿಂದ ಅಲ್ಲಿನ ಜನ ಗುಂಪುಗುಂಪಾಗಿ ಅಮೆರಿಕಕ್ಕೆ ವಲಸೆ ಹೋದರು. ಉಳಿದದ್ದು ಬೀಗ ಹಾಕಿದ ಕಮಾನುಮಾಡಿನ ಮನೆಗಳು. ಎರಡು ಮಹಾಯುದ್ಧಗಳ ನಡುವೆ ರಷ್ಯ ಮತ್ತು ಜರ್ಮನಿಗಳಿಂದ ಬಂದ ಕಲಾವಿದರು, ಲೇಖಕರು, ದೇಶಭ್ರಷ್ಟರು ಅವುಗಳನ್ನು ಅಗ್ಗದ ಬಾಡಿಗೆಗೆ ಹಿಡಿದರು. ರಷ್ಯನ್ ನೃತ್ಯಗಾರ ಲಿಯೊನೀದ್ ಮಸೀನ್ ಊರಿನ ಎದುರಿನ ಲಿ ಗಾಲ್ಲಿ ದ್ವೀಪಗಳನ್ನೇ ಕೊಂಡ. ಯುದ್ಧ ಮುಗಿದ ಮೇಲೆ, 1951ರಲ್ಲಿ, ಸೆರ್ಸಾಲೆ ಮನೆತನದ ಒಡಹುಟ್ಟಿದವರು ತಮ್ಮ ಬೇಸಿಗೆ ಮನೆಯನ್ನು ಲೆ ಸಿರೆನೂಸೆ ಎಂಬ ಹೋಟೆಲಾಗಿ ಮಾಡಿದರು. ಅಲ್ಲಿ ಇಳಿದುಕೊಂಡಿದ್ದ ಅಮೆರಿಕನ್ ಲೇಖಕ ಜಾನ್ ಸ್ಟೈನ್‌ಬೆಕ್ 1953ರಲ್ಲಿ ‘ಹಾರ್ಪರ್ಸ್ ಬಜಾರ್’ ಪತ್ರಿಕೆಗೆ ಪೊಸಿಟಾನೊ ಕುರಿತು ಬರೆದ. ಸುಮಾರು 2,000 ಜನರ ಈ ಊರಿನಲ್ಲಿ ಸುಮಾರು 500 ಅತಿಥಿಗಳಿಗಷ್ಟೇ ಜಾಗವಿರುವುದರಿಂದ ಪ್ರವಾಸೋದ್ಯಮ ಇದನ್ನು ಕೆಡಿಸಲಾರದೆಂಬುದು ಅವನ ವಾದವಾಗಿತ್ತು. ಆದರೆ ಆ ಲೇಖನವೇ ಊರಿಗೆ ಜಗತ್ತಿನ ಗಮನ ತಂದಿತು. 1970ರಲ್ಲಿ ಕಾರ್ಲೊ ಚಿಂಕ್ವೆ ಊರಾಚೆಯ ಬಂಡೆಯನ್ನು ಕಡಿದು ಸಾನ್ ಪಿಯೆತ್ರೊ ಹೋಟೆಲ್ ತೆರೆದ. ಬಿಸಿಲಿಗೆ ಮೈಯೊಡ್ಡಿ ಈಜುವ ಬೇಸಿಗೆ ರಜೆ ಇಷ್ಟರಲ್ಲಿ ಯುರೋಪಿನ ರೂಢಿಯಾಗಿತ್ತು.

ಮುಂದಿನ ತಿರುವು ಕಾನೂನಿನದು. ಕೃಷಿಕರು ತಮ್ಮ ಜಮೀನಿನಲ್ಲಿ ಅತಿಥಿಗಳಿಗೆ ಊಟ ವಸತಿ ಕೊಡುವ ಆಗ್ರಿತುರಿಸ್ಮೊ ಪದ್ಧತಿಗೆ 1985ರಲ್ಲಿ ಇಟಲಿ ಸರ್ಕಾರ ಕಾನೂನಿನ ಚೌಕಟ್ಟು ಒದಗಿಸಿತು. ಆ ಬಳಿಕ ಮೇಲ್ಬೆಟ್ಟದ ತೋಟದ ಮನೆಗಳಿಗೂ ಅತಿಥಿಗಳು ಬರುವಂತಾಯಿತು. 1987ರಲ್ಲಿ ಕಂಪಾನಿಯಾ ಪ್ರಾಂತ ಇಡೀ ಪರ್ಯಾಯ ದ್ವೀಪಕ್ಕೆ ಭೂಬಳಕೆ ಯೋಜನೆ ತಂದು ಹೊಸ ಕಟ್ಟಡಗಳಿಗೆ ಕಡಿವಾಣ ಹಾಕಿತು. 1997ರಲ್ಲಿ ಯುನೆಸ್ಕೊ ಈ ಕರಾವಳಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹೀಗೆ ಹಳೆಯ ಕಟ್ಟಡವನ್ನು ವಸತಿಗೆ ಒಗ್ಗಿಸುವ ರೂಢಿ ಅನಿವಾರ್ಯವೇ ಆಯಿತು. ಕೊಂಕಾ ದೇಯಿ ಮರೀನಿಯಲ್ಲಿ 17ನೆಯ ಶತಮಾನದ ಸನ್ಯಾಸಿನಿಯರ ಮಠವೊಂದು 2012ರಲ್ಲಿ ಕೆಲವೇ ಕೋಣೆಗಳ ದುಬಾರಿ ಹೋಟೆಲಾಗಿ ತೆರೆಯಿತು. ಬೇಡಿಕೆ ಬೆಳೆದು ಕೋಣೆಗಳ ಸಂಖ್ಯೆ ಅಷ್ಟಾಗಿ ಬೆಳೆಯದ ಕಾರಣ ಬಾಡಿಗೆ ಏರಿತು. ಊರವರ ಮನೆಗಳೂ ದಿನಬಾಡಿಗೆಗೆ ತಿರುಗಿ, ಅಲ್ಲೇ ದುಡಿಯುವವರಿಗೆ ಮನೆ ಸಿಗುವುದು ಕಷ್ಟವಾಯಿತು.

ಇಂದಿನ ಆಯ್ಕೆಯೂ ಈ ಇತಿಹಾಸದ ಎಲ್ಲೆಯೊಳಗೇ ನಡೆಯುತ್ತದೆ. 1940ರ ದಶಕದ ಕೊನೆಗೆ ನೇಪಲ್ಸ್‌ನಿಂದ ಸೊರೆಂಟೊಗೆ ರೈಲು ಬಂದ ಮೇಲೆ ಹೆಚ್ಚಿನವರು ಪಶ್ಚಿಮದಿಂದಲೇ ಕರಾವಳಿಗೆ ಇಳಿಯುತ್ತಾರೆ. ರೈಲು, ಸಮನೆಲ, ಹೆಚ್ಚು ಕೋಣೆಗಳು ಬೇಕೆನ್ನುವವರಿಗೆ ಸೊರೆಂಟೊ ಅನುಕೂಲ. ಬಸ್ಸು ಮತ್ತು ದೋಣಿಗಳೆಲ್ಲ ಕೂಡುವ ಅಮಾಲ್ಫಿ ಸುತ್ತಾಡಲು ನಡುವಿನ ನೆಲೆ. ರವೆಲ್ಲೊದಲ್ಲಿ ತಂಪು ಗಾಳಿ ಮತ್ತು ಸಂಗೀತವಿದೆ, ಕಡಲಿಗೆ ಮಾತ್ರ ಇಳಿದು ಬರಬೇಕು. ಪೊಸಿಟಾನೊದಲ್ಲಿ ನೋಟಕ್ಕೂ ಬೆಲೆಗೂ ಮೆಟ್ಟಿಲುಗಳಿಗೂ ಮಿತಿಯಿಲ್ಲ. ಅತ್ರಾನಿ, ಪ್ರಯಾನೊ, ಚೆತಾರಾ, ಮಿನೋರಿಗಳು ಕಡಿಮೆ ಗದ್ದಲದವು. ಒಂದೇ ರಸ್ತೆಯ ಮೇಲೆ ವಾಹನಗಳ ಒತ್ತಡ ಮಿತಿಮೀರಿದ್ದರಿಂದ 2022ರಲ್ಲಿ ಜನದಟ್ಟಣೆಯ ದಿನಗಳಿಗೆ ಸಮ ಮತ್ತು ಬೆಸ ಸಂಖ್ಯೆಯ ಕಾರುಗಳನ್ನು ಸರದಿಯಲ್ಲಿ ಬಿಡುವ ನಿಯಮ ಬಂದಿತು. 2024ರ ಜುಲೈಯಲ್ಲಿ ಸಲೆರ್ನೊ ಬಳಿಯ ವಿಮಾನ ನಿಲ್ದಾಣ ಪ್ರಯಾಣಿಕರಿಗೆ ತೆರೆದ ಮೇಲೆ ಪೂರ್ವದ ದಾರಿಗೆ ಮತ್ತೆ ಮಹತ್ವ ಬರತೊಡಗಿದೆ. ಹಂಗಾಮು ಮಾತ್ರ ಪೂರ್ತಿ ತಿರುವುಮುರುವಾಗಿದೆ. ಒಂದು ಕಾಲದಲ್ಲಿ ಚಳಿಗಾಲದ ಅತಿಥಿಗಳನ್ನೇ ನಂಬಿದ್ದ ಈ ಕರಾವಳಿಯ ಹೋಟೆಲುಗಳಲ್ಲಿ ಹೆಚ್ಚಿನವು ಈಗ ವಸಂತದಲ್ಲಿ ತೆರೆದು ಶರತ್ಕಾಲದ ಕೊನೆಗೆ ಬಾಗಿಲು ಹಾಕುತ್ತವೆ.