ಬೀಗರಿಗೆ ಕ್ರೀಟಿನ ಹೆಸರು

ಗಂಡನ್ನು ಹೆತ್ತವರಿಗೂ ಹೆಣ್ಣನ್ನು ಹೆತ್ತವರಿಗೂ ನಡುವೆ ಹುಟ್ಟುವ ನಂಟಿಗೆ ಹೆಸರಿಡಬೇಕೆಂದು ಎಲ್ಲ ಭಾಷೆಗಳಿಗೂ ತೋಚಿಲ್ಲ. ಇಂಗ್ಲಿಷಿನವರು ಅದಕ್ಕಾಗಿ ಒಂದು ವಾಕ್ಯವನ್ನೇ ಕಟ್ಟಬೇಕು. ನಮಗೆ ‘ಬೀಗರು’ ಎಂದರೆ ಮುಗಿಯಿತು, ಬೀಗ, ಬೀಗಿತಿ, ಬೀಗತನ, ಬೀಗರೂಟ ಎಂದು ಸಂಸಾರವೇ ಅದರ ಹಿಂದೆ ಬರುತ್ತದೆ. ಮೆಡಿಟರೇನಿಯನ್ ಕಡಲಿನ ಕ್ರೀಟ್, ಸೈಪ್ರಸ್ ದ್ವೀಪಗಳ ಗ್ರೀಕರಿಗೂ ಇಂಥದೇ ಭಾಗ್ಯವಿದೆ. ಅವರ ಬೀಗ ‘ಸಿಂಬೆಥೆರೋಸ್’, ಬೀಗಿತಿ ‘ಸಿಂಬೆಥೆರಾ’, ಎದುರಿಗೆ ಸಿಕ್ಕಾಗ ಕರೆಯುವುದು ‘ಸಿಂಬೆಥೆರೆ’ ಎಂದು, ಬೀಗತನ ‘ಸಿಂಬೆಥೆರ್ಯೊ’, ಬೀಗತನ ಬೆಳೆಸುವುದಕ್ಕೂ ‘ಸಿಂಬೆಥೆರ್ಯಾಜೊ’ ಎಂಬ ಕ್ರಿಯಾಪದವೇ ಉಂಟು. ಪದಪ್ರಿಯರಾದ ನಾವು ಈ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ, ಏಕೆಂದರೆ ಬಿಡಿಸುತ್ತ ಹೋದರೆ ಅದರ ತಳದಲ್ಲಿ ನಾವು ಬಲ್ಲವರೇ ಒಬ್ಬರು ಸಿಗುತ್ತಾರೆ.

ಮೊದಲ ತುಂಡು ‘ಸಿನ್’, ‘ಜೊತೆಗೆ’ ಎಂಬರ್ಥದ ಉಪಸರ್ಗ. ಎರಡನೆಯದು ‘ಪೆಥೆರೋಸ್’, ಎಂದರೆ ಮಾವ. ಹಳೆಯ ಗ್ರೀಕಿನಲ್ಲಿ ಇದು ‘ಪೆಂಥೆರೋಸ್’; ಕಾಲಾಂತರದಲ್ಲಿ ಥಕಾರದ ಹಿಂದಿನ ಅನುನಾಸಿಕ ಸವೆದುಹೋಯಿತು, ಹಾಗೆಯೇ ವಧು ಎಂಬರ್ಥದ ‘ನಿಂಫಿ’ ಕೂಡ ‘ನಿಫಿ’ ಆದಳು. ಸೈಪ್ರಸ್ಸಿನವರು ಮಾತ್ರ ಕಳೆದುಹೋದ ಅಕ್ಷರದ ಲೆಕ್ಕವನ್ನು ಬಿಟ್ಟುಕೊಡಲಿಲ್ಲ. ಅವರ ಬಾಯಲ್ಲಿ ಮುಂದಿನ ವ್ಯಂಜನ ಒತ್ತಿ ಇಮ್ಮಡಿಯಾಗುತ್ತದೆ, ‘ಪೆತ್ಥೆರೋಸ್’ ಎನ್ನುತ್ತಾರೆ. ‘ಸಂಸ್ಕೃತ’ವು ಪ್ರಾಕೃತದ ದಾರಿಯಲ್ಲಿ ಬಂದು ಕನ್ನಡದಲ್ಲಿ ‘ಸಕ್ಕದ’ವಾದದ್ದನ್ನು ಬಲ್ಲ ನಮಗೆ ಈ ಒತ್ತು ಹೊಸದೇನಲ್ಲ: ಅಲ್ಲಿಯೂ ಬಿಂದು ಹೋಯಿತು, ಒತ್ತು ಬಂತು.

ಇನ್ನು ‘ಪೆಂಥೆರೋಸ್’ನ ಬೇರು. ಪಂಡಿತರು ಮೂಲರೂಪವನ್ನು ‘ಭೆಂಧ್’ ಎಂದು ಕಲ್ಪಿಸುತ್ತಾರೆ, ಅರ್ಥ, ಕಟ್ಟು. ಒಂದೇ ಧಾತುವಿನಲ್ಲಿ ಎರಡು ಮಹಾಪ್ರಾಣಗಳು ಹತ್ತಿರ ಬಂದರೆ ಗ್ರೀಕಿನಲ್ಲಿಯೂ ಸಂಸ್ಕೃತದಲ್ಲಿಯೂ ಮೊದಲನೆಯದು ಅಲ್ಪಪ್ರಾಣವಾಗುತ್ತದೆಂದು 1863ರಲ್ಲಿ ಜರ್ಮನಿಯ ಹರ್ಮನ್ ಗ್ರಾಸ್‌ಮನ್ ತೋರಿಸಿಕೊಟ್ಟ. ಆತ ವೃತ್ತಿಯಿಂದ ಗಣಿತದ ಮೇಷ್ಟ್ರು, ಒಲವಿನಿಂದ ಋಗ್ವೇದದ ಕೋಶಕಾರ. ಅಂಥವರ ಬಗ್ಗೆ ನನಗೆ ಅಪಾರ ಗೌರವ. ಅವನ ಸೂತ್ರವನ್ನು ಹಿಡಿದು ಹೊರಟರೆ ‘ಭೆಂಧ್’ ಒಂದು ಕಡೆ ‘ಪೆಂಥ್’ ಆಗಿ ಇಳಿಯುತ್ತದೆ, ಇನ್ನೊಂದು ಕಡೆ ‘ಬಂಧ್’ ಆಗಿ. ಕ್ರೀಟಿನ ಮಾವನೂ ನಮ್ಮ ‘ಬಂಧು’ವೂ ದಾಯಾದಿಗಳು! ಹೋಮರನ ಕಾವ್ಯದಲ್ಲಿ ಹಡಗನ್ನು ದಡಕ್ಕೆ ಬಿಗಿಯುವ ಹಗ್ಗದ ಹೆಸರಾದ ‘ಪೆಯ್ಸ್ಮ’ ಕೂಡ ಇದೇ ಬಳ್ಳಿಯದು. ಹಾಗೆ ನೋಡಿದರೆ ‘ಸಿಂಬೆಥೆರೋಸ್’ ಎಂಬುದನ್ನು ತುಂಡುತುಂಡಾಗಿ ಸಂಸ್ಕೃತಕ್ಕೆ ತಿರುಗಿಸಿದರೆ ‘ಸಂಬಂಧಿ’ ಎಂದೇ ಹೇಳಬೇಕು. ತಮಿಳರು ಬೀಗರನ್ನು ಕರೆಯುವುದು ಅದೇ ಮಾತಿನಿಂದ, ಹಿಂದಿಯ ‘ಸಮಧಿ’ಯೂ ಅದರಿಂದಲೇ ಬಂದದ್ದು.

ಆದರೆ ಅರ್ಥದ ಹಾದಿಗಳು ಇಲ್ಲಿ ಅಡ್ಡಡ್ಡ ಹಾಯ್ದಿವೆ, ನನಗೆ ಅತ್ಯಂತ ರುಚಿಸುವ ಭಾಗ ಇದು. ಹೋಮರನಲ್ಲಿ ಮಾವಂದಿರು ಎರಡು ಬಗೆ. ಗಂಡನ ತಂದೆ ‘ಹೆಕುರೋಸ್’. ಇಲಿಯಡ್ಡಿನಲ್ಲಿ ಹೆಲೆನ್ ಟ್ರಾಯ್ ಕೋಟೆಯ ಮೇಲೆ ನಿಂತು ಮುದಿ ಪ್ರಿಯಾಮನನ್ನು ಕರೆಯುವುದು ಈ ಪದದಿಂದ. ಹೆಂಡತಿಯ ತಂದೆ ‘ಪೆಂಥೆರೋಸ್’; ತನ್ನ ಮರಣದ ಆಜ್ಞೆಯನ್ನೇ ಹೊತ್ತ ಓಲೆಯನ್ನು ಹಿಡಿದು ಬೆಲೆರೊಫಾನ್ ಎಂಬ ವೀರ ಹೋಗುವುದು ಪ್ರೊಯ್ಟಸ್ ದೊರೆಯ ಪೆಂಥೆರೋಸನ ಬಳಿಗೆ. ‘ಹೆಕುರೋಸ್’ ಎಂದರೆ ನಮ್ಮ ‘ಶ್ವಶುರ’ನೇ; ಋಗ್ವೇದದ ಹತ್ತನೆಯ ಮಂಡಲದ ವಿವಾಹಸೂಕ್ತದಲ್ಲಿ ಅದು ಗಂಡನ ತಂದೆಗೇ ಸಂದಿದೆ. ಮುಂದೆ ಸಂಸ್ಕೃತದಲ್ಲಿ ‘ಶ್ವಶುರ’ ಹಿಗ್ಗಿ ಎರಡೂ ಕಡೆಯ ಮಾವಂದಿರನ್ನು ಒಳಗೊಂಡಿತು, ‘ಬಂಧು’ ಹಿಗ್ಗಿ ನೆಂಟರಿಷ್ಟರೆಲ್ಲರಿಗೂ ಆಯಿತು. ಗ್ರೀಕಿನಲ್ಲಾದರೋ ‘ಹೆಕುರೋಸ್’ ಬಳಕೆ ತಪ್ಪಿತು, ಕಟ್ಟಿನ ಅರ್ಥದ ‘ಪೆಥೆರೋಸ್’ ಎರಡೂ ಪಟ್ಟಗಳನ್ನು ಏರಿ ಕುಳಿತಿತು.

ಕನ್ನಡದ ‘ಮಾವ’ ಇನ್ನೊಂದು ಲೋಕದ ಪದ. ತಾಯಿಯ ತಮ್ಮನೂ ಮಾವನೇ, ಹೆಣ್ಣು ಕೊಟ್ಟವನೂ ಮಾವನೇ, ಏಕೆಂದರೆ ಸೋದರಮಾವನ ಮಗಳನ್ನು ತರುವ ಸಂಪ್ರದಾಯದಲ್ಲಿ ಇಬ್ಬರೂ ಒಬ್ಬನೇ ಆಗಬಹುದು. ಗ್ರೀಕ್ ದ್ವೀಪಗಳಲ್ಲಿ ಆ ದಾರಿಯನ್ನು ಆರ್ಥಡಾಕ್ಸ್ ಚರ್ಚು ಮುಚ್ಚಿತ್ತು. 692ರ ಟ್ರುಲ್ಲೊ ಧರ್ಮಸಭೆಯ ಕಟ್ಟಳೆಯಂತೂ ಒಂದು ಮನೆಯ ಅಣ್ಣತಮ್ಮಂದಿರು ಇನ್ನೊಂದು ಮನೆಯ ಅಕ್ಕತಂಗಿಯರನ್ನು ಮದುವೆಯಾಗುವುದನ್ನೂ ಬೇಡವೆಂದಿತು. ನಮ್ಮಲ್ಲಿ ಒಂದೇ ಮನೆಗೆ ಇಬ್ಬರು ಹೆಣ್ಣುಮಕ್ಕಳನ್ನು ಕೊಡುವುದು, ಹೆಣ್ಣು ಕೊಟ್ಟು ಹೆಣ್ಣು ತರುವುದು ಬೀಗತನವನ್ನು ಬಿಗಿಮಾಡುವ ಬಗೆ. ಅಲ್ಲಿ ಒಮ್ಮೆ ಸಿಂಬೆಥೆರೋಸ್ ಆದವನು ರಕ್ತಸಂಬಂಧಿಗೆ ಸಮನಾಗಿ, ಮತ್ತೊಂದು ಮದುವೆಗೆ ಅಡ್ಡಿಯೇ ಆಗುತ್ತಿದ್ದ. ಆದ್ದರಿಂದ ಹೊಸ ಬೀಗರನ್ನು ಹೊರಗೆ, ಇನ್ನೊಂದು ಕೇರಿಯಲ್ಲಿ, ಇನ್ನೊಂದು ಊರಿನಲ್ಲಿ ಹುಡುಕಬೇಕಿತ್ತು.

ಹುಡುಕುವ ಕೆಲಸ ‘ಪ್ರೊಕ್ಸೆನ್ಯೊ’, ಎಂದರೆ ಸಂಬಂಧ ಕೇಳುವುದು. ಕೇಳುವುದೇ ದೊಡ್ಡ ಧೈರ್ಯ. ಕ್ರೀಟಿನ ಕವಿ ವಿಚೆಂಟ್ಸೊಸ್ ಕೊರ್ನಾರೊಸ್‌ನ ‘ಎರೊಟೊಕ್ರಿಟೊಸ್’ ಕಾವ್ಯದಲ್ಲಿ, ಮಗನ ಒತ್ತಾಯಕ್ಕೆ ಕಟ್ಟುಬಿದ್ದ ಪೆಜೊಸ್ಟ್ರಾಟೊಸ್ ಎಂಬ ಆಸ್ಥಾನಿಕ ತನ್ನ ದೊರೆಯ ಮಗಳನ್ನು ಕೇಳಿಬಿಡುತ್ತಾನೆ. ದೊರೆ ಕೆರಳಿ ಹುಡುಗನನ್ನು ಗಡೀಪಾರು ಮಾಡುತ್ತಾನೆ. ಆಳು ಅರಸನ ಬೀಗನಾಗುವುದೆಂದರೆ ಸರಿಸಮನಾಗುವುದು ಎಂದು ಆ ದೊರೆಗೆ ಗೊತ್ತಿತ್ತು. ಕೇಳಿದ ಸಂಬಂಧ ಕೂಡಿಬಂದರೆ ಹೆಣ್ಣಿಗೆ ಏನೇನು ಕೊಡುವುದೆಂದು ‘ಪ್ರಿಕೊಸಿಂಫೊನೊ’ ಎಂಬ ವರದಕ್ಷಿಣೆಯ ಪತ್ರ ಬರೆಯುತ್ತಿದ್ದರು, ಗ್ರೀಸಿನಲ್ಲಿ 1983ರ ಕಾನೂನು ವರದಕ್ಷಿಣೆಯನ್ನು ತೆಗೆದುಹಾಕುವವರೆಗೂ.

ಮದುವೆಯ ದಿನ ಪದದ ಹರವು ಇನ್ನಷ್ಟು ಹಿಗ್ಗುತ್ತದೆ. ಬಹುವಚನದಲ್ಲಿ ‘ಸಿಂಬೆಥೆರಿ’ ಎಂದರೆ ಹೆತ್ತವರು ಮಾತ್ರವಲ್ಲ, ಎದುರುಪಕ್ಷದ ಅಣ್ಣ, ಚಿಕ್ಕಪ್ಪ, ಅತ್ತೆ ಎಲ್ಲರೂ. ನಮ್ಮಲ್ಲಿಯೂ ‘ಬೀಗರು ಬಂದರು’ ಎಂದರೆ ಒಂದು ಬಸ್ಸಿನ ಜನ ಇಳಿದಂತೆ. ಕ್ರೀಟಿನಲ್ಲಿ ಈ ಸಿಂಬೆಥೆರಿಗಳಿಗೆ ಬಡಿಸುವ ‘ಗಾಮೊಪಿಲಾಫೊ’, ಎಂದರೆ ಮದುವೆಯ ಅನ್ನ, ನೋಡುವುದಕ್ಕೆ ಬರೀ ಬಿಳಿಯ ಮೆದು ಅನ್ನ. ಮೇಕೆ ಅಥವಾ ಕುರಿಯ ಮಾಂಸವನ್ನೂ ಕೋಳಿಯನ್ನೂ ಬೇಯಿಸಿದ ಕಟ್ಟಿನಲ್ಲೇ ಅಕ್ಕಿ ಬೆಂದಿರುತ್ತದೆ, ಇಳಿಸುವಾಗ ನಿಂಬೆಯ ಹುಳಿ ಹಿಂಡಿ, ಹಾಲಿನ ಕೆನೆಯಿಂದ ತೆಗೆದ ‘ಸ್ಟಾಕೊವೂಟಿರೊ’ ಬೆಣ್ಣೆಯನ್ನು ಕಾಯಿಸಿ ಸುರಿಯುತ್ತಾರೆ. ಅದರ ಪಕ್ಕದಲ್ಲಿ ‘ಕ್ಸೊಂಬ್ಲ್ಯಸ್ಟೊ’ ಎಂಬ ಮದುವೆಯ ರೊಟ್ಟಿ: ದುಂಡನೆಯ ಬಳೆಯಾಕಾರದ ಹಿಟ್ಟಿನ ಮೇಲೆ ಸಣ್ಣ ಕತ್ತರಿ, ಬಾಚಣಿಗೆಗಳಿಂದ ಹೂವು, ಎಲೆ, ದಾಳಿಂಬೆಗಳನ್ನು ಮೂಡಿಸಿರುತ್ತಾರೆ, ಹೊಲಿಗೆಯ ಕಸೂತಿಗಿಂತ ಅದು ಕಡಿಮೆಯಿಲ್ಲ.

ಮಕ್ಕಳಾದ ಮೇಲೆ ನಾಮಕರಣ. ಮೊದಲ ಗಂಡುಮಗುವಿಗೆ ಸಾಮಾನ್ಯವಾಗಿ ತಂದೆಯ ತಂದೆಯ ಹೆಸರು, ಆಮೇಲಿನವರಿಗೆ ತಾಯಿಯ ಕಡೆಯವರದೂ ಬರುತ್ತದೆ. ಇದಕ್ಕೆ ಅವರ ಮಾತು ‘ಹೆಸರನ್ನು ಮತ್ತೆ ಎಬ್ಬಿಸುವುದು’ ಎಂದು. ಹೀಗೆ ಒಂದು ಕಾಲಕ್ಕೆ ಪತ್ರ ಬರೆದು ಚೌಕಾಸಿ ಮಾಡಿದ್ದ ಇಬ್ಬರು ಬೀಗರ ಹೆಸರುಗಳು ಒಂದೇ ಜಗಲಿಯಲ್ಲಿ ಆಡತೊಡಗುತ್ತವೆ.

ಕ್ರೀಟಿನ ಬೆಟ್ಟದ ಊರುಗಳಲ್ಲಿ ಈ ಪದಕ್ಕೆ ಇನ್ನೂ ಗುರುತರವಾದ ಕೆಲಸವಿತ್ತು. ಕುಲವೈರದಲ್ಲಿ ಕೊಂದು ಸಾಯುತ್ತಿದ್ದ ಎರಡು ಮನೆತನಗಳನ್ನು ಹಿರಿಯರು, ಪಾದ್ರಿಗಳು ನಡುವೆ ನಿಂತು ರಾಜಿ ಮಾಡಿಸುವುದಕ್ಕೆ ಅಲ್ಲಿ ‘ಸಾಸ್ಮೊಸ್’ ಎನ್ನುತ್ತಾರೆ, ಸರಿಪಡಿಸುವುದು ಎಂದರ್ಥ. ಬರೀ ಮಾತಿನ ರಾಜಿ ನಿಲ್ಲುವುದಿಲ್ಲವೆಂದು ಅದನ್ನು ಅನೇಕ ವೇಳೆ ಒಂದು ಜ್ಞಾನಸ್ನಾನದಿಂದಲೋ ಮದುವೆಯಿಂದಲೋ ಮುದ್ರೆಯೊತ್ತಿ ಗಟ್ಟಿಮಾಡುತ್ತಿದ್ದರು. ಮದುವೆಯಾದರೆ ಎರಡು ಮನೆಗಳವರೂ ಸಿಂಬೆಥೆರಿ. ಅಲ್ಲಿಂದ ಮುಂದೆ ಬಂದೂಕು ಎತ್ತುವವನು ತನ್ನ ಬೀಗನ ಮೇಲೆಯೇ ಎತ್ತಬೇಕು.