ಕೀರ್ತನೆಗಳಲ್ಲಿ ಕ್ರಿಸ್ತನೂ ಸಭೆಯೂ

ಯೆಹೂದ್ಯರ ಧರ್ಮಗ್ರಂಥದಲ್ಲಿ ಐದು ಖಂಡಗಳಾಗಿ ಅಡಕವಾಗಿರುವ 150 ಕೀರ್ತನೆಗಳು ಯೆರೂಸಲೇಮಿನ ದೇವಾಲಯದ ಆರಾಧನೆಯೊಡನೆ ಬೆಳೆದುಬಂದ ಸ್ತುತಿ, ವಿಲಾಪ, ಕೃತಜ್ಞತೆಗಳ ಹಾಡುಗಳು. ಇವನ್ನು ಕ್ರೈಸ್ತಸಭೆ ಆದಿಯಿಂದಲೂ ತನ್ನ ಪ್ರಾರ್ಥನೆಯನ್ನಾಗಿ ಅಂಗೀಕರಿಸಿತು. ಅಂಗೀಕರಿಸಿದೊಡನೆಯೇ, ಇವುಗಳಲ್ಲಿ ‘ನಾನು’ ಎಂದು ಮೊರೆಯಿಡುವವನು ದಾವೀದನೋ, ಕ್ರಿಸ್ತನೋ, ಹಾಡುತ್ತಿರುವ ಭಕ್ತನೋ ಎಂಬ ಪ್ರಶ್ನೆಯೂ ಎದ್ದಿತು.

ಪುನರುತ್ಥಾನಗೊಂಡ ಯೇಸು ಮೋಶೆಯ ಧರ್ಮಶಾಸ್ತ್ರ ಮತ್ತು ಪ್ರವಾದಿಗಳ ಗ್ರಂಥಗಳೊಡನೆ ಕೀರ್ತನೆಗಳೂ ತನ್ನನ್ನು ಕುರಿತು ನುಡಿದಿವೆಯೆಂದು ಶಿಷ್ಯರಿಗೆ ತಿಳಿಸಿದನೆಂಬುದು ಲೂಕನ ಸುವಾರ್ತೆಯ ಹೇಳಿಕೆ. ಪೇತ್ರನು ಪಂಚಾಶತ್ತಮ ದಿನದ ಉಪದೇಶದಲ್ಲಿ 16ನೆಯ ಕೀರ್ತನೆಯನ್ನು ಕ್ರಿಸ್ತನ ಪುನರುತ್ಥಾನಕ್ಕೆ ಅನ್ವಯಿಸಿದನು; ಮತ್ತಾಯ, ಮಾರ್ಕರ ಪ್ರಕಾರ ಶಿಲುಬೆಯ ಮೇಲೆ ಯೇಸು ಕೂಗಿದ್ದು 22ನೆಯ ಕೀರ್ತನೆಯ ಮೊದಲ ಮಾತನ್ನು. ತೊಡಕು ಹುಟ್ಟಿದ್ದು 69ನೆಯದರಂಥ ಕೀರ್ತನೆಗಳಲ್ಲಿ. ದೇವಾಲಯದ ಮೇಲಣ ಅಭಿಮಾನವನ್ನು ಹೇಳುವ ಅದರ ಮಾತನ್ನು ಯೋಹಾನನು ಯೇಸುವಿಗೆ ಸಲ್ಲಿಸಿದ್ದಾನೆ. ಆದರೆ ಅದೇ ಹಾಡಿನಲ್ಲಿ ಹಾಡುಗನು ತನ್ನ ಅವಿವೇಕವನ್ನೂ ಅಪರಾಧಗಳನ್ನೂ ದೇವರ ಮುಂದೆ ಒಪ್ಪಿಕೊಳ್ಳುತ್ತಾನೆ. ನಿಷ್ಪಾಪಿಯೆಂದು ಸಭೆ ನಂಬುವ ಕ್ರಿಸ್ತನ ಬಾಯಲ್ಲಿ ಈ ನಿವೇದನೆ ಸಲ್ಲುವುದೆಂತು?

ಇದಕ್ಕೆ ಅತ್ಯಂತ ಗಂಭೀರವಾದ ಉತ್ತರವಿತ್ತವನು ಉತ್ತರ ಆಫ್ರಿಕದ ಹಿಪ್ಪೋ ನಗರದ ಬಿಷಪನಾಗಿದ್ದ ಸಂತ ಅಗಸ್ಟೀನ (354–430). ಕೆಲವನ್ನು ಹೇಳಿ ಬರೆಸಿ, ಹಲವನ್ನು ಹಿಪ್ಪೋ, ಕಾರ್ಥೇಜುಗಳ ಜನಸಮೂಹದ ಮುಂದೆ ಉಪದೇಶಿಸಿ, ದಶಕಗಳ ಶ್ರಮದಿಂದ ಆತನು ಎಲ್ಲ ಕೀರ್ತನೆಗಳಿಗೂ ವ್ಯಾಖ್ಯಾನವನ್ನು ಪೂರೈಸಿದನು. ಆತನ ಮತದಂತೆ ಕೀರ್ತನೆಗಳಲ್ಲಿ ಮಾತನಾಡುವವನು ಸಮಗ್ರ ಕ್ರಿಸ್ತ, ಎಂದರೆ ಶಿರಸ್ಸಾದ ಯೇಸುವೂ ಆತನ ದೇಹವಾದ ಸಭೆಯೂ ಕೂಡಿದ ಏಕಪುರುಷ. ಶಿರಸ್ಸು ಕೆಲವೆಡೆ ತನ್ನ ಮಾತನ್ನಾಡಿದರೆ ಕೆಲವೆಡೆ ಅಂಗಗಳ ಪರವಾಗಿ ಪಾಪವನ್ನು ನಿವೇದಿಸುತ್ತದೆ. ಸಭೆಯನ್ನು ಹಿಂಸಿಸಹೊರಟ ಸೌಲನನ್ನು ದಮಸ್ಕದ ದಾರಿಯಲ್ಲಿ ತಡೆದ ಕ್ರಿಸ್ತನು, ತನ್ನವರನ್ನೇಕೆ ಎನ್ನದೆ, ತನ್ನನ್ನೇ ಏಕೆ ಹಿಂಸಿಸುತ್ತೀ ಎಂದು ಕೇಳಿದ್ದು ಅಗಸ್ಟೀನನು ಮತ್ತೆ ಮತ್ತೆ ಮುಂದಿಡುವ ಪ್ರಮಾಣ.

ಈ ತತ್ತ್ವ ಕೇವಲ ಪಾಂಡಿತ್ಯದ ಫಲವಾಗಿರಲಿಲ್ಲ. 303ರಲ್ಲಿ ಡಯೊಕ್ಲೀಷಿಯನ್ ಚಕ್ರವರ್ತಿ ಆರಂಭಿಸಿದ ಹಿಂಸೆಯ ಕಾಲದಲ್ಲಿ ಧರ್ಮಗ್ರಂಥಗಳನ್ನು ಅಧಿಕಾರಿಗಳಿಗೆ ಒಪ್ಪಿಸಿದರೆಂಬ ಆಪಾದನೆಯಿಂದ ಆಫ್ರಿಕದ ಸಭೆ ಒಡೆದು, ಡೊನಾಟಿಸ್ಟರ ಪ್ರತ್ಯೇಕ ಸಭೆ ಹುಟ್ಟಿ, ಅನೇಕ ಊರುಗಳಲ್ಲಿ ಇಬ್ಬಿಬ್ಬರು ಬಿಷಪರು ಎದುರುಬದುರಾಗಿ ನಿಂತಿದ್ದ ಕಾಲವದು. ಲೋಕದ ಎಲ್ಲೆಗಳಿಂದ ಏಳುವ 61ನೆಯ ಕೀರ್ತನೆಯ ಮೊರೆಯನ್ನು ವಿವರಿಸುವಾಗ, ಹಾಗೆ ಎಲ್ಲೆಡೆಯಿಂದಲೂ ಕೂಗಬಲ್ಲ ಒಬ್ಬನು ಭೂಮಿಯಲ್ಲೆಲ್ಲ ಹಬ್ಬಿದ ಕ್ರಿಸ್ತದೇಹವಲ್ಲದೆ ಬೇರಿಲ್ಲವೆಂದು ಅಗಸ್ಟೀನನು ಬೋಧಿಸಿದ್ದು ಆ ಬಿರುಕಿನ ನಡುವೆ. ಸೋಜಿಗವೆಂದರೆ, ಪ್ರಭುವೂ ಆತನ ದೇಹವೂ ಎಂಬ ವ್ಯಾಖ್ಯಾನಸೂತ್ರವನ್ನು ಆತನು ಪಡೆದದ್ದು ಬಹುಮಟ್ಟಿಗೆ ಡೊನಾಟಿಸ್ಟನೇ ಆಗಿದ್ದ ಟೈಕೋನಿಯಸನಿಂದ. ಸತ್ಯವನ್ನು ಪ್ರತಿಪಕ್ಷದಿಂದಲೂ ಸ್ವೀಕರಿಸಿದ ಈ ಔದಾರ್ಯ ಗೌರವಾರ್ಹ. 430ರಲ್ಲಿ ವ್ಯಾಂಡಲರು ಹಿಪ್ಪೋವನ್ನು ಮುತ್ತಿದ್ದಾಗ, ಮರಣಶಯ್ಯೆಯಲ್ಲಿದ್ದ ಅಗಸ್ಟೀನನು ಪಶ್ಚಾತ್ತಾಪದ ಕೀರ್ತನೆಗಳನ್ನು ಬರೆಸಿ ಗೋಡೆಗೆ ಅಂಟಿಸಿಕೊಂಡು ಕಣ್ಣೀರಿಡುತ್ತ ಓದುತ್ತಿದ್ದನೆಂದು ಆತನ ಚರಿತ್ರಕಾರ ಪೊಸಿಡಿಯಸ್ ಹೇಳುತ್ತಾನೆ.

ಅಂತಿಯೋಕ್ಯದ ಪರಂಪರೆಗೆ ಸೇರಿದ ಮೊಪ್ಸುವೆಸ್ತಿಯದ ಥಿಯೊಡೋರ್, ಚಾರಿತ್ರಿಕಾರ್ಥಕ್ಕೆ ಪ್ರಾಧಾನ್ಯವಿತ್ತು, ನೇರವಾಗಿ ಕ್ರಿಸ್ತನಿಗೆ ಸಲ್ಲತಕ್ಕವು ನಾಲ್ಕೇ ಕೀರ್ತನೆಗಳೆಂದನು. ಆ ಎಚ್ಚರ ಶ್ಲಾಘ್ಯವೇ. ಆದರೆ ದಿನಂಪ್ರತಿ ಕೀರ್ತನೆ ಹಾಡುವ ಸಭೆಗೆ ಅದು ಸಾಲದಾಯಿತು. 6ನೆಯ ಶತಮಾನದ ಬೆನೆಡಿಕ್ಟನ ನಿಯಮದಂತೆ ಸಂನ್ಯಾಸಿಗಳು ವಾರಕ್ಕೊಮ್ಮೆ ಎಲ್ಲ ಕೀರ್ತನೆಗಳನ್ನೂ ಹಾಡಿ ಮುಗಿಸಬೇಕಾಗಿತ್ತು. 1513ರಲ್ಲಿ ವಿಟೆನ್‌ಬರ್ಗಿನಲ್ಲಿ ಕೀರ್ತನೆಗಳ ಮೇಲೆ ಪಾಠ ಹೇಳತೊಡಗಿದ ಲೂಥರನೂ ಅವುಗಳಲ್ಲಿ ಕ್ರಿಸ್ತನನ್ನೇ ಕಂಡನು. 1562ರಲ್ಲಿ ಪೂರ್ಣಗೊಂಡ ಜಿನೀವದ ಕೀರ್ತನಸಂಗ್ರಹ ಅವನ್ನು ಸಾಮಾನ್ಯಜನರ ಕಂಠಕ್ಕೆ ತಂದಿತು. ಕನ್ನಡಕ್ಕೆ ಕೀರ್ತನೆಗಳು ಬಂದದ್ದು, ಬಳ್ಳಾರಿಯಲ್ಲಿ ಲಂಡನ್ ಮಿಷನಿನ ಜಾನ್ ಹ್ಯಾಂಡ್ಸ್ ಮುಂತಾದವರ ಶ್ರಮದಿಂದ 1831ರಲ್ಲಿ ಪೂರ್ಣಗೊಂಡ ಬೈಬಲಿನೊಡನೆ.

ಇಪ್ಪತ್ತನೆಯ ಶತಮಾನದಲ್ಲಿ, ಕೀರ್ತನೆಗಳಲ್ಲಿ ಕ್ರಿಸ್ತನೇ ಮಾತನಾಡುವನೆಂಬ ಬೋಧನೆಗೆ ಮತ್ತೆ ಜೀವವಿತ್ತವನು ಜರ್ಮನಿಯ ಡೀಟ್ರಿಕ್ ಬೊನ್ಹೋಫರ್. ಆತನು ನಡೆಸುತ್ತಿದ್ದ ಫಿಂಕೆನ್‌ವಾಲ್ಡೆಯ ಗುರುಕುಲವನ್ನು ನಾತ್ಸಿ ಪೊಲೀಸರು 1937ರಲ್ಲಿ ಮುಚ್ಚಿಸಿದರು. ಕೀರ್ತನೆಗಳು ಕ್ರಿಸ್ತನ ಪ್ರಾರ್ಥನೆಯೆಂದೂ, ಸಭೆ ಆತನೊಡಗೂಡಿ ಅವನ್ನು ಪ್ರಾರ್ಥಿಸುವುದೆಂದೂ ಪ್ರತಿಪಾದಿಸುವ ಆತನ ಕಿರುಗ್ರಂಥ 1940ರಲ್ಲಿ ಹೊರಬಂದಿತು. ಆತನ ಜೀವಿತಕಾಲದಲ್ಲಿ ಪ್ರಕಟವಾದ ಕಡೆಯ ಪುಸ್ತಕ ಅದೇ.